ಮನೆಯಲ್ಲಿ ಮರಣ ಬಂದಾಗ: ಗೃಹಸ್ಥರಿಗೆ ಶರಣರ ಬೋಧೆ



ಮನೆಯಲ್ಲಿ ಎಲ್ಲರೂ ಆರೋಗ್ಯದಿಂದಿರುವಾಗ ದೇಹವು ಅನಿತ್ಯವೆಂದು ಹೇಳುವುದು ಸುಲಭ. ಕೇಳಿ ತಲೆದೂಗುವುದೂ ಸುಲಭ. ಆದರೆ ಆ ಮಾತು ಮನೆಯ ಯಜಮಾನನ ಹಾಸಿಗೆಯ ಬಳಿಗೆ ಬಂದು ನಿಂತಾಗ ನಾವು ದಿಕ್ಕುಗಾಣದೆ ಕುಳಿತುಬಿಡುತ್ತೇವೆ. ಶರಣರ ಗುಣವನ್ನು ಮರಣದಲ್ಲಿ ನೋಡಬೇಕೆಂಬ ಗಾದೆ ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿದೆ. ಸಾಯುವವನ ಗುಣವನ್ನು ಮಾತ್ರವಲ್ಲ, ಅವನ ಸುತ್ತಲಿರುವವರೆಲ್ಲರ ಗುಣವನ್ನೂ ಆ ಗಳಿಗೆಯು ಪರೀಕ್ಷಿಸುತ್ತದೆ. ಈ ತಿಂಗಳು ಆ ವಿಷಯವನ್ನೇ ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇವೆ.

ನಮ್ಮ ಮಠದ ಭಕ್ತರೊಬ್ಬರು, ಒಕ್ಕಲುತನದ ಮನೆಯವರು, ಅರ್ಬುದ ರೋಗಕ್ಕೆ ತುತ್ತಾದರು. ಪಟ್ಟಣದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕೆಲವು ತಿಂಗಳ ಮೇಲೆ, ರೋಗವು ಯಕೃತ್ತಿಗೆ ಹರಡಿದೆಯೆಂದೂ ಗುಣಪಡಿಸುವ ಉಪಾಯ ಉಳಿದಿಲ್ಲವೆಂದೂ ವೈದ್ಯರು ಮಕ್ಕಳಿಗೆ ತಿಳಿಸಿದರು. ಮಕ್ಕಳಿಬ್ಬರೂ ಈ ಸಂಗತಿಯನ್ನು ತಂದೆಗೆ ಹೇಳಬಾರದೆಂದು ನಿಶ್ಚಯಿಸಿ, "ಮುಂಗಾರಿಗೆ ನೀವೇ ಹೊಲಕ್ಕೆ ಹೋಗುವಿರಿ" ಎಂದು ದಿನವೂ ಹೇಳುತ್ತ ಬಂದರು. ಹಿರಿಯ ಮಗನು ಒಂದು ಸಂಜೆ ಮಠಕ್ಕೆ ಬಂದು ಮೂರು ಪ್ರಶ್ನೆಗಳನ್ನು ಕೇಳಿದನು. ತಂದೆಯ ಕೈ ನಡುಗುತ್ತದೆ, ಲಿಂಗವನ್ನು ಹಿಡಿಯಲಾರರು; ಪೂಜೆ ತಪ್ಪಿದ ದೋಷ ಬರುವುದೇ? ನೋವಿಗೆಂದು ವೈದ್ಯರು ಕೊಟ್ಟ ಔಷಧವನ್ನು ಅಮಲಿನ ಪದಾರ್ಥವೆಂದು ಮುಟ್ಟುವುದಿಲ್ಲ, ಏನು ಮಾಡಲಿ? ನಿಜವನ್ನು ಅವರಿಗೆ ಹೇಳಬೇಕೇ, ಬೇಡವೇ?

ಮರುದಿನ ನಾವು ಆ ಮನೆಗೆ ಹೋದೆವು. ಮಕ್ಕಳು ಹೊರಗೆ ಹೋದ ಸಮಯ ನೋಡಿ ಆ ಹಿರಿಯರು ನಮ್ಮೊಡನೆ ಹೇಳಿದರು: "ಅಪ್ಪನವರೇ, ನನ್ನ ರೋಗ ಯಾವುದೆಂದು ನನಗೆ ಎಂದೋ ತಿಳಿದಿದೆ. ಹುಡುಗರು ಎದೆಗುಂದಿಯಾರೆಂದು ಅರಿಯದವನಂತೆ ಇದ್ದೇನೆ." ನೋಡಿರಿ, ತಂದೆಗೆ ನೋವಾದೀತೆಂದು ಮಕ್ಕಳು ಮುಚ್ಚಿಟ್ಟರು, ಮಕ್ಕಳಿಗೆ ನೋವಾದೀತೆಂದು ತಂದೆ ಮುಚ್ಚಿಟ್ಟರು. ಇಬ್ಬರದೂ ಪ್ರೀತಿಯೇ. ಆದರೆ ಆ ಪ್ರೀತಿಯು ಒಂದೇ ಮನೆಯಲ್ಲಿ ಅವರನ್ನು ಬೇರೆಬೇರೆಯಾಗಿ ಅಳುವಂತೆ ಮಾಡಿತ್ತು.

ಸತ್ಯವನ್ನು ನುಡಿಯುವುದೇ ದೇವಲೋಕವೆಂದು ಬೋಧಿಸಿದ ಪರಂಪರೆ ನಮ್ಮದು. ಹಾಗೆಂದು ರೋಗಿಯ ಎದೆಗೆ ಕಲ್ಲು ಹೊಡೆದಂತೆ ಸತ್ಯವನ್ನು ಹೇಳಬೇಕೆಂದು ಅದರ ಅರ್ಥವಲ್ಲ. ಆತನಿಗೆ ಏನು ತಿಳಿಯಬೇಕೆಂಬ ಅಪೇಕ್ಷೆಯಿದೆಯೆಂದು ಮೊದಲು ಕೇಳಬೇಕು. ಕೇಳಿದಷ್ಟನ್ನು ಮೃದುವಾಗಿ, ಸುಳ್ಳು ಬೆರೆಸದೆ ಹೇಳಬೇಕು. ಆ ಸಂಜೆ ನಮ್ಮ ಎದುರಿನಲ್ಲಿಯೇ ತಂದೆಮಕ್ಕಳು ಮಾತನಾಡಿಕೊಂಡರು. ಆಗ ಹೊರಬಂದ ಸಂಗತಿಗಳೇನು? ಆಳುಮಗನೊಬ್ಬನಿಗೆ ಎರಡು ಸುಗ್ಗಿಯ ಕೂಲಿ ಕೊಡುವುದು ಬಾಕಿಯಿತ್ತು. ಬಾವಿಯ ನೀರಿನ ಪಾಲಿನ ವಿಷಯದಲ್ಲಿ ಅಣ್ಣತಮ್ಮಂದಿರಲ್ಲಿ ಮನಸ್ತಾಪವಿತ್ತು. ತನ್ನ ಹೆಂಡತಿ ಯಾವ ಮಗನ ಮನೆಯಲ್ಲಿಯೂ ಹಂಗಿನ ಅನ್ನ ಉಣ್ಣಬಾರದೆಂಬ ಚಿಂತೆ ತಂದೆಯನ್ನು ಕೊರೆಯುತ್ತಿತ್ತು. ಸುಳ್ಳಿನ ಸಮಾಧಾನವು ಮುಂದುವರಿದಿದ್ದರೆ ಇವೆಲ್ಲವೂ ಅವರೊಡನೆ ಮಣ್ಣಿಗೆ ಹೋಗುತ್ತಿದ್ದವು. ಆಳುಮಗನ ಕೂಲಿ ಮರುದಿನವೇ ಸಂದಾಯವಾಯಿತು. ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚಾಗಿ ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿದ ಕಥೆಯನ್ನು ನೀವು ಬಲ್ಲಿರಿ. ತನ್ನದಲ್ಲದ ಒಂದು ಕಾಳು ಮನೆಯಲ್ಲಿ ಉಳಿಯಬಾರದೆಂಬ ಆ ನಿಯಮವು ಹೊರಡುವವನಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

ಇನ್ನು ಪೂಜೆಯ ವಿಷಯ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಪೂಜಿಸುವುದು ನಮ್ಮ ನಿತ್ಯವಿಧಿ. ಶಕ್ತಿಯಿರುವವನು ಆಲಸ್ಯದಿಂದ ಬಿಟ್ಟರೆ ಅದು ದೋಷ. ಶಕ್ತಿ ಉಡುಗಿದವನು ಮನಸ್ಸಿನಲ್ಲಿಯೇ ಪೂಜಿಸಿದರೆ ಅದು ಪೂಜೆಯೇ ಸರಿ. ಅಂಗೈಯ ಇಷ್ಟಲಿಂಗವು ಪ್ರಾಣಲಿಂಗದ ಅರಿವಿಗಾಗಿ ಅಲ್ಲವೇ? ದೇಹವನ್ನೇ ದೇಗುಲವಾಗಿ ಬಸವಣ್ಣನವರು ಕಂಡರು. ದೇಗುಲದ ಗೋಡೆ ಬಿರುಕುಬಿಟ್ಟಿತೆಂದು ಒಳಗಿನ ಜ್ಯೋತಿ ಆರಿಹೋಗದು.

ಹೀಗೆ ಹೇಳುತ್ತಿರುವಾಗ ಆ ಹಿರಿಯರು ತಮ್ಮ ಕರಡಿಗೆಯನ್ನು ತರಿಸಿದರು. ಹಿರಿಯ ಮಗನು ತಂದೆಯ ನಡುಗುವ ಅಂಗೈಯ ಕೆಳಗೆ ತನ್ನ ಅಂಗೈಯನ್ನು ಒಡ್ಡಿದನು. ತಾಯಿ ವಿಭೂತಿಯನ್ನು ಧರಿಸಿ, ಬಿಲ್ವಪತ್ರೆಯನ್ನು ಏರಿಸಿದಳು. ಪೂಜೆ ಮುಗಿದ ಮೇಲೆ ತಂದೆ, "ನಿನ್ನ ಲಿಂಗ ಎಲ್ಲಿದೆಯಪ್ಪಾ?" ಎಂದು ಕೇಳಿದರು. ಹಲವು ವರ್ಷಗಳಿಂದ ಅದು ಗೋಡೆಯ ಗೂಟಕ್ಕೆ ತೂಗುತ್ತಿತ್ತು. ಮಗನು ಉತ್ತರ ಕೊಡಲಿಲ್ಲ. ತಂದೆ ಇನ್ನೊಮ್ಮೆ ಕೇಳಲೂ ಇಲ್ಲ. ಆದರೆ ಮಾರನೆಯ ದಿನದಿಂದ ಆ ಹಾಸಿಗೆಯ ಬಳಿ ಎರಡು ಲಿಂಗಗಳ ಪೂಜೆ ನಡೆಯಿತೆಂದು ತಾಯಿ ನಮಗೆ ತಿಳಿಸಿದಳು.

ರೋಗಿಯ ಸೇವೆಯಲ್ಲಿ ತನ್ನ ಪೂಜೆಯ ಹೊತ್ತು ತಪ್ಪುತ್ತದೆಂದು ಆ ತಾಯಿ ಕೊರಗುತ್ತಿದ್ದಳು. ಆಕೆಗೆ ನಾವು ನುಲಿಯ ಚಂದಯ್ಯನ ಕಥೆಯನ್ನು ನೆನಪಿಸಿದೆವು. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿಬಿದ್ದರೂ ಆತನು ಕಾಯಕವನ್ನು ನಿಲ್ಲಿಸದೆ ಮುನ್ನಡೆದನು. ಲಿಂಗವೇ ಆತನ ಬೆನ್ನುಹತ್ತಿ ಬಂದಿತೆಂದು ಶೂನ್ಯಸಂಪಾದನೆ ಹೇಳುತ್ತದೆ. ಗಂಡನ ಮೈಯೊರೆಸುವುದು, ಹಾಸಿಗೆ ಬದಲಿಸುವುದು, ರಾತ್ರಿ ಎಚ್ಚರವಿದ್ದು ಗುಟುಕು ನೀರು ಹಾಕುವುದು, ಇವೆಲ್ಲವೂ ಕಾಯಕವೇ. ಸೊಸೆಯಂದಿರೂ ಗಂಡುಮಕ್ಕಳೂ ಈ ಕಾಯಕದಲ್ಲಿ ಪಾಲುಗೊಳ್ಳಬೇಕು. ಒಬ್ಬಳ ಮೇಲೆಯೇ ಹೊರಿಸಿ ಉಳಿದವರು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದು ಭಕ್ತಿಯಲ್ಲ.

ನೋವಿನ ಔಷಧವನ್ನು ಕುರಿತು ಸಂಶಯಬೇಡ. ಮತ್ತಿಗಾಗಿ ಸೇವಿಸುವುದನ್ನು ಆಚಾರವು ನಿಷೇಧಿಸುತ್ತದೆ. ಬೇನೆಯ ಶಮನಕ್ಕಾಗಿ ವೈದ್ಯನು ಅಳತೆಯಿಟ್ಟು ಕೊಡುವುದನ್ನಲ್ಲ. ಮಾರ್ಫಿನ್ ಮೊದಲಾದ ಔಷಧಗಳು ಇಂಥ ರೋಗಿಗಳಿಗೆ ಸುಲಭವಾಗಿ ದೊರೆಯಲೆಂದೇ 2014ರಲ್ಲಿ ನಮ್ಮ ದೇಶದ ಕಾನೂನನ್ನು ತಿದ್ದಲಾಯಿತು. ನೋವು ತಗ್ಗಿದ ಮೇಲೆಯೇ ಆ ಹಿರಿಯರು ಮೊಮ್ಮಕ್ಕಳನ್ನು ಹತ್ತಿರ ಕರೆದು ಮಾತನಾಡಿಸಿದರು, ಷಡಕ್ಷರಿಯನ್ನು ಜಪಿಸಿದರು. ಬೇನೆಯಿಂದ ಹಲ್ಲುಕಚ್ಚಿ ಮಲಗಿದವನಿಗೆ ಶಿವಸ್ಮರಣೆಯಾದರೂ ಹೇಗೆ ಸಾಧ್ಯ?

ಕಿರಿಯ ಮಗನಿಗೆ ಇನ್ನೊಂದು ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂಬ ಹಟವಿತ್ತು. ಅದಕ್ಕಾಗಿ ಎರಡು ಎಕರೆ ಮಾರಲು ಸಿದ್ಧನಾಗಿದ್ದನು. ತಂದೆ ಬೇಡವೆಂದರು: "ಮನೆಯಲ್ಲಿಯೇ ಇರುತ್ತೇನೆ." ಗುಣವಾಗುವ ದಾರಿಯಿರುವಾಗ ಚಿಕಿತ್ಸೆಯನ್ನು ಬಿಡುವುದು ತಪ್ಪು; ದೇಹವು ಶಿವನು ಕೊಟ್ಟ ಪ್ರಸಾದ. ಆದರೆ ದಾರಿಯೇ ಮುಗಿದಾಗ ಯಂತ್ರಗಳ ನಡುವೆ ಉಸಿರನ್ನು ಎಳೆದಾಡಿಸುವುದು ಪ್ರಸಾದವನ್ನು ಗೌರವಿಸಿದಂತಾಗದು. ಅಂಥ ಸ್ಥಿತಿಯಲ್ಲಿ ಕೃತಕ ಸಾಧನಗಳು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾನ್ಯಮಾಡಿ, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ತಮ್ಮ ಅಂತ್ಯಕ್ರಿಯೆ ಹೇಗಿರಬೇಕು, ಸ್ಮಾರಕ ಬೇಡ ಎಂಬುದನ್ನು 2014ರಲ್ಲಿಯೇ ಬರೆದಿಟ್ಟಿದ್ದರು. 2023ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ಆ ಮಾತಿನಂತೆಯೇ ದೇಹಕ್ಕೆ ಅಗ್ನಿಸಂಸ್ಕಾರ ನಡೆಯಿತು. ಗೃಹಸ್ಥರೂ ತಮ್ಮ ಇಚ್ಛೆಯನ್ನು ಮೈಯಲ್ಲಿ ಕಸುವಿರುವಾಗಲೇ ಮನೆಯವರಿಗೆ ತಿಳಿಸಿಡುವುದು ಒಳ್ಳೆಯದು.

ಒಂದು ಬೆಳಗಿನ ಜಾವ ಆ ಹಿರಿಯರು ಮನೆಯವರೆಲ್ಲರ ನಡುವೆ ಲಿಂಗೈಕ್ಯರಾದರು. ವಿಭೂತಿಯನ್ನು ಧರಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಕುಳ್ಳಿರಿಸಿ ಸಮಾಧಿ ಮಾಡಲಾಯಿತು. ಕೂಲಿ ಪಡೆದ ಆಳುಮಗನು ಕುಣಿಯನ್ನು ಅಗೆಯಲು ಎಲ್ಲರಿಗಿಂತ ಮೊದಲು ಬಂದಿದ್ದನು.

ನಮ್ಮಲ್ಲಿ ಮರಣಸೂತಕವಿಲ್ಲ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಶರಣರು ತಳ್ಳಿಹಾಕಿದರು. ಆದಕಾರಣ ಆ ಮನೆಯ ಒಲೆ ಅಂದೇ ಉರಿಯಬಹುದು, ಪೂಜೆ ಅಂದೇ ನಡೆಯಬಹುದು. ತಾಯಿಯ ಬಳೆಗಳನ್ನು ಒಡೆಯಲು ನೆರೆಯವರು ಮುಂದಾದಾಗ ಹಿರಿಯ ಮಗನು ತಡೆದನು. ಶರಣಸತಿ ಲಿಂಗಪತಿಯೆಂದು ನಂಬಿದವರಲ್ಲಿ ಅಮಂಗಳೆ ಎಂಬವಳಾರು? ಮೊಮ್ಮಗಳ ಮದುವೆಯಲ್ಲಿ ಮೊದಲ ಆರತಿಯನ್ನು ಆಕೆಯೇ ಎತ್ತಲಿ. ಗಣಾರಾಧನೆಗೆ ಸಾಲಮಾಡಿ ಊರೂಟ ಹಾಕಿಸಬೇಕೆಂಬ ಒತ್ತಾಯವೂ ಬಂದಿತು. ಜಂಗಮರಿಗೂ ಬಡವರಿಗೂ ತಮ್ಮ ಶಕ್ತಿಗೆ ತಕ್ಕಂತೆ ಪ್ರಸಾದ ಮಾಡಿದರೆ ಸಾಕು. ಸಾಲದ ದಾಸೋಹವು ದಾಸೋಹವಲ್ಲ, ಅದು ಮಕ್ಕಳ ಕೊರಳಿಗೆ ಕಟ್ಟಿದ ಕಲ್ಲು.

ತಿಂಗಳ ಮೇಲೆ ಕಿರಿಯ ಮಗನು ಒಬ್ಬನೇ ಬಂದು, "ಆ ಆಸ್ಪತ್ರೆಗೆ ಒಯ್ದಿದ್ದರೆ ಉಳಿಯುತ್ತಿದ್ದರೇನೋ" ಎಂದು ಅತ್ತನು. ನಾವು ಅವನನ್ನು ಅಳಗೊಟ್ಟೆವು. ಲಿಂಗೈಕ್ಯವು ಮಂಗಳವೆಂದು ಬೋಧಿಸಿದ ಮಾತ್ರಕ್ಕೆ ಕಣ್ಣೀರು ಪಾಪವಾಗದು. ತಂದೆ ತನ್ನ ಇಚ್ಛೆಯನ್ನು ತನ್ನ ಬಾಯಿಂದಲೇ ಹೇಳಿದ್ದನ್ನೂ, ಅದನ್ನು ನಡೆಸಿದ್ದೇ ಮಗನ ಧರ್ಮವೆಂಬುದನ್ನೂ ಅವನಿಗೆ ತಿಳಿಸಿದೆವು. ಅವನು ಪೂರ್ತಿ ಸಮಾಧಾನಗೊಂಡನೆಂದು ನಾವು ಹೇಳಲಾರೆವು. ದುಃಖವು ಒಂದು ಬೋಧೆಯಿಂದ ಕರಗುವಂಥದಲ್ಲ. ಹೋಗುವಾಗ ಅವನು ಒಂದು ಮಾತು ಹೇಳಿದನು: ಬಾವಿಯ ನೀರನ್ನು ಈಗ ಅಣ್ಣನೊಡನೆ ವಾರದ ಸರದಿಯಂತೆ ಹಂಚಿಕೊಳ್ಳುತ್ತಿದ್ದೇವೆ ಎಂದು.

ಬಂಧುಗಳಿರಾ, ನಿಮ್ಮ ಮನೆಯಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದರೆ ಇಂದೇ ಅವರ ಬಳಿ ಕುಳಿತು, ಅವರ ಮನಸ್ಸಿನಲ್ಲಿ ಏನಿದೆಯೆಂದು ಕೇಳಿರಿ. ಕೊಡಬೇಕಾದ ಬಾಕಿಯನ್ನು ಕೊಡಿರಿ. ಅವರ ಅಂಗೈ ನಡುಗಿದರೆ ನಿಮ್ಮ ಅಂಗೈಯನ್ನು ಒಡ್ಡಿರಿ. ಬಸವಾದಿ ಪ್ರಮಥರು ನಿಮಗೆ ಆ ಧೈರ್ಯವನ್ನು ಕರುಣಿಸಲಿ.