ಅಲಗಿನ ಮೇಲಿನ ಅಂಕೆ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬ್ರಾಡ್‌ಫರ್ಡ್ ಎಂಬ ಸಣ್ಣ ಊರಿದೆ. ಅಲ್ಲಿ ತಯಾರಾಗುವ ಕೇಸ್ ಕಂಪನಿಯ ಮಡಚುಚಾಕುವನ್ನು ಬಿಚ್ಚಿದರೆ, ಅಲಗು ಹಿಡಿಯೊಳಕ್ಕೆ ಸೇರುವ ಬುಡದಲ್ಲಿ ಕಂಪನಿಯ ಹೆಸರು ಒತ್ತಿರುವುದು ಕಾಣುತ್ತದೆ. 1970ರಲ್ಲಿ ಆ ಮುದ್ರೆಗೆ ಹತ್ತು ಚುಕ್ಕಿಗಳು ಸೇರಿದವು. ಮರುವರ್ಷ ಒಂಬತ್ತು, ಅದರ ಮರುವರ್ಷ ಎಂಟು. ವರ್ಷಕ್ಕೊಂದು ಚುಕ್ಕಿ ಕಳೆಯುತ್ತಾ ಹೋದಂತೆ ಚಾಕು ತನ್ನ ಹುಟ್ಟಿದ ವರ್ಷವನ್ನು ತಾನೇ ಹೇಳತೊಡಗಿತು. ಭೂತಗನ್ನಡಿ ಹಿಡಿದು ಆ ಚುಕ್ಕಿಗಳನ್ನು ಎಣಿಸುವವರು ಇಂದಿಗೂ ಇದ್ದಾರೆ. ಅದೇ ಉಕ್ಕು, ಅದೇ ಮೂಳೆಯ ಹಿಡಿ, ಅದೇ ಕಾರ್ಖಾನೆ. ಆದರೂ ಒಂದು ಚುಕ್ಕಿ ಹೆಚ್ಚೋ ಕಡಿಮೆಯೋ ಆದರೆ ಬೆಲೆ ಬೇರೆ, ಬಯಕೆ ಬೇರೆ.

ಚುಕ್ಕಿ ಏನನ್ನೂ ಕೊಯ್ಯುವುದಿಲ್ಲ. ಹಾಗಿದ್ದ ಮೇಲೆ ಅದರ ಮೇಲೆ ಇಷ್ಟು ಮೋಹವೇಕೆ?

ಇದನ್ನು ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಈ ಹುಚ್ಚಿಗೆ ವಯಸ್ಸಾಗಿದೆ. ಮಾರ್ಕ್ ಟ್ವೇನ್ 1876ರಲ್ಲಿ ಪ್ರಕಟಿಸಿದ ಟಾಮ್ ಸಾಯರ್ ಕಾದಂಬರಿಯಲ್ಲಿ, ಬೈಬಲ್ಲಿನ ಸಾಲುಗಳನ್ನು ಬಾಯಿಪಾಠ ಮಾಡಿದ್ದಕ್ಕೆ ಮೇರಿ ಅಕ್ಕ ಟಾಮ್‌ಗೆ ಹನ್ನೆರಡೂವರೆ ಸೆಂಟಿನ ಬಾರ್ಲೋ ಚಾಕು ಕೊಡುತ್ತಾಳೆ. ಅದು ಏನನ್ನೂ ಕತ್ತರಿಸದು ಎಂದು ಟ್ವೇನ್ ಸ್ಪಷ್ಟವಾಗಿಯೇ ಹೇಳುತ್ತಾನೆ. ಆದರೆ ಅದು ಅಸಲಿ ಬಾರ್ಲೋ, ನಕಲಿಯಲ್ಲ. ಹುಡುಗ ರೋಮಾಂಚನಗೊಳ್ಳಲು ಅಷ್ಟು ಸಾಕು. ಅಂದರೆ ವಸ್ತುವಿನ ಕೆಲಸ ಒಂದು, ಅದರ ಹೆಸರು ಇನ್ನೊಂದು ಎಂಬ ಒಡಕು ಮಕ್ಕಳ ಲೋಕದಲ್ಲೇ ಇತ್ತು. ವ್ಯಾಪಾರಿಗಳು ಆ ಒಡಕನ್ನು ಸೃಷ್ಟಿಸಲಿಲ್ಲ, ಕಂಡುಕೊಂಡರು.

ಹಳೆಯ ಗ್ರೀಕರು ಈ ಬಗ್ಗೆ ಖಚಿತವಾಗಿ ಯೋಚಿಸಿದ್ದಾರೆ. ದ್ರಾಕ್ಷಿ ಬಳ್ಳಿಯನ್ನು ಕಠಾರಿಯಿಂದಲೂ ಸವರಬಹುದು, ಆದರೆ ಅದಕ್ಕೆಂದೇ ಮಾಡಿದ ಕತ್ತಿಯಷ್ಟು ಚೆನ್ನಾಗಿ ಬೇರಾವುದೂ ಆ ಕೆಲಸ ಮಾಡದು ಎಂದು ಪ್ಲೇಟೋನ ‘ರಿಪಬ್ಲಿಕ್’ನ ಮೊದಲ ಭಾಗದಲ್ಲಿ ಸಾಕ್ರಟೀಸ್ ವಾದಿಸುತ್ತಾನೆ. ವಸ್ತುವಿನ ಒಳ್ಳೆಯತನ ಅದರ ಕೆಲಸದಲ್ಲಿದೆ ಎಂಬುದು ಅವನ ನಿಲುವು. ಸಾಂಪ್ರದಾಯಿಕ ಮಡಚುಚಾಕು ಈ ಮಾತಿಗೆ ಒಳ್ಳೆಯ ಸಾಕ್ಷಿ. ಸ್ಟಾಕ್‌ಮನ್ ಎಂಬ ಮಾದರಿಯನ್ನೇ ತೆಗೆದುಕೊಳ್ಳಿ. ಅದು ದನ ಸಾಕುವವರ ಚಾಕು. ಮೂರು ಅಲಗು. ಚೂಪು ಮೊನೆಯದು ದಿನನಿತ್ಯದ ಎಲ್ಲ ಕೆಲಸಕ್ಕೆ. ನೇರ ಬಾಯಿಯದು ಒತ್ತಿ ಸೀಳುವುದಕ್ಕೆ. ಮೂರನೆಯದರ ಹೆಸರು ಸ್ಪೇ, ಹೋರಿಗರುವಿನ ಬೀಜ ತೆಗೆಯಲು. ಕರು ಕೊಸರಾಡಿದರೂ ಚರ್ಮಕ್ಕೆ ಚುಚ್ಚದಿರಲೆಂದು ಅದರ ಮೊನೆಯನ್ನು ಮೊಂಡಾಗಿಸಿದ್ದಾರೆ. ಆ ಮೊಂಡು ಮೊನೆಯಲ್ಲಿ ಒಬ್ಬ ರೈತನ ಅನುಭವ ಇದೆ, ಒಂದು ಪ್ರಾಣಿಯ ಬಗೆಗಿನ ಎಚ್ಚರವೂ ಇದೆ.

ಅರಿಸ್ಟಾಟಲ್ ಇನ್ನೊಂದು ಭೇದ ಮಾಡುತ್ತಾನೆ. ಪಾದರಕ್ಷೆಯನ್ನು ತೊಡಲೂಬಹುದು, ಬೇರೊಂದು ವಸ್ತುವಿಗೆ ಬದಲಾಗಿ ಕೊಡಲೂಬಹುದು. ಎರಡೂ ಅದರ ಉಪಯೋಗಗಳೇ, ಆದರೆ ಪಾದರಕ್ಷೆ ಹುಟ್ಟಿದ್ದು ವಿನಿಮಯಕ್ಕಾಗಿ ಅಲ್ಲ. ಅರ್ಥಶಾಸ್ತ್ರವೆಲ್ಲ ಈ ಎರಡು ಉಪಯೋಗಗಳ ಸುತ್ತಲೇ ಬೆಳೆದಿದೆ. ಸಂಗ್ರಾಹಕ ಮಾಡುವುದು ಇವೆರಡರಲ್ಲಿ ಯಾವುದನ್ನೂ ಅಲ್ಲ. ಅವನು ಕೊಯ್ಯುವುದಿಲ್ಲ, ಬಹಳ ಸಲ ಮಾರುವುದೂ ಇಲ್ಲ. ಇಟ್ಟುಕೊಳ್ಳುತ್ತಾನೆ. ನಮ್ಮಲ್ಲಿ ಆಯುಧಪೂಜೆಯ ದಿನ ಕತ್ತಿ, ಕುಡುಗೋಲುಗಳನ್ನು ತೊಳೆದು, ಕುಂಕುಮವಿಟ್ಟು, ಕೆಲಸಕ್ಕೆ ಹಚ್ಚದೆ ಕೂರಿಸುತ್ತೇವೆ. ಸಂಗ್ರಾಹಕನ ಪೆಟ್ಟಿಗೆಯಲ್ಲಿ ಆ ದಿನ ಮುಗಿಯುವುದೇ ಇಲ್ಲ. ಪೂಜೆ ಸುಳ್ಳಲ್ಲ, ಗೌರವವೂ ನಿಜವಾದದ್ದೇ. ಆದರೆ ಮಾರನೆಯ ದಿನ ಕೆಲಸಕ್ಕೆ ಇಳಿಯುವ ಆಯುಧಕ್ಕೆ ಸಲ್ಲುವ ಗೌರವ ಒಂದು ಬಗೆಯದು, ಎಂದೂ ಇಳಿಯದ ಆಯುಧಕ್ಕೆ ಸಲ್ಲುವುದು ಇನ್ನೊಂದು ಬಗೆಯದು.

ಈಗ ಸೀಮಿತ ಆವೃತ್ತಿಯ ವಿಷಯ. ಇನ್ನೂರು ಮಾತ್ರ ಮಾಡಿದ್ದೇವೆ, ಇನ್ನು ಮಾಡುವುದಿಲ್ಲ ಎಂಬ ಘೋಷಣೆ. ಕೊರತೆ ಇದ್ದಲ್ಲಿ ಬೆಲೆ ಏರುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತಿರುವುದೇ. ಆದರೆ ಎಲ್ಲ ಕೊರತೆಯೂ ಒಂದೇ ಜಾತಿಯದಲ್ಲ. ಈ ಭೇದವನ್ನು ಮರೆಸುವುದರಿಂದಲೇ ಇಡೀ ವ್ಯಾಪಾರ ನಡೆಯುತ್ತದೆಂದು ನನ್ನ ವಾದ.

ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಸ್ಟಾನ್ ಶಾ ಎಂಬ ಕುಶಲಕರ್ಮಿ ಇದ್ದರು. 1926ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ಹದಿಹರೆಯದಲ್ಲೇ ಕೆಲಸಕ್ಕೆ ಸೇರಿ, ಮುಪ್ಪಿನವರೆಗೂ ಮಡಚುಚಾಕುಗಳನ್ನು ಮೊದಲಿಂದ ಕೊನೆಯವರೆಗೆ ತಾವೊಬ್ಬರೇ ಮಾಡುತ್ತಿದ್ದರು. ಅರದಿಂದ ಉಜ್ಜಿ, ಸ್ಪ್ರಿಂಗನ್ನು ಹದಕ್ಕೆ ತಂದು, ಅಲಗು ತೆರೆಯುವಾಗಲೂ ಮಡಚುವಾಗಲೂ ಕೇಳುವ ಆ ‘ಟಕ್’ ಸದ್ದು ಸರಿಬರುವವರೆಗೆ ಬಿಡುತ್ತಿರಲಿಲ್ಲ. ಅವರ ಚಾಕು ಬೇಕಾದವರು ವರ್ಷಗಟ್ಟಲೆ ಕಾಯಬೇಕಿತ್ತು. ಅವರು ಎಂದೂ ಸಂಖ್ಯೆ ಘೋಷಿಸಬೇಕಾಗಿರಲಿಲ್ಲ. ಎರಡು ಕೈ, ಒಂದು ಆಯುಷ್ಯ, ಅದೇ ಅವರ ಮಿತಿ. ಇದು ಮೊದಲ ಜಾತಿಯ ಕೊರತೆ.

ಎರಡನೆಯದನ್ನು ಮುದ್ರಣ ಕಲೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಡ್ರೈಪಾಯಿಂಟ್ ವಿಧಾನದಲ್ಲಿ ಕಲಾವಿದ ತಾಮ್ರದ ತಗಡನ್ನು ಸೂಜಿಯಿಂದ ಗೀರಿದಾಗ ಗೀರಿನ ಅಂಚಿನಲ್ಲಿ ಲೋಹ ಸ್ವಲ್ಪ ಮೇಲೆದ್ದು ನಿಲ್ಲುತ್ತದೆ. ಶಾಯಿಯನ್ನು ಹಿಡಿದಿಟ್ಟು ಚಿತ್ರಕ್ಕೆ ಮಖಮಲ್ಲಿನ ಮೃದುತನ ಕೊಡುವುದು ಅದೇ. ಒತ್ತುಯಂತ್ರದಡಿ ಕೆಲವು ಪ್ರತಿಗಳಾಗುವಷ್ಟರಲ್ಲಿ ಅದು ಸವೆದುಹೋಗುತ್ತದೆ. ಹಾಗಾಗಿ ಪ್ರತಿಗಳು ಕೆಲವೇ. ಹತ್ತೊಂಬತ್ತನೇ ಶತಮಾನದಲ್ಲಿ ತಾಮ್ರದ ಮೇಲೆ ಉಕ್ಕಿನಂತೆ ಗಟ್ಟಿಯಾದ ಲೇಪ ಕೊಡುವ ತಂತ್ರ ಬಂತು. ತಗಡು ಸವೆಯುವುದು ಬಹುಮಟ್ಟಿಗೆ ನಿಂತಿತು. ಆದರೆ ಸಂಖ್ಯೆ ಮಿತಿಗೊಳಿಸುವ ರೂಢಿ ನಿಲ್ಲಲಿಲ್ಲ, ಬಲಗೊಂಡಿತು. ಪ್ರತಿಗಳು ಮುಗಿದ ಮೇಲೆ ತಗಡಿನ ಮೇಲೆ ಅಡ್ಡಗೆರೆ ಎಳೆದು ಅದನ್ನು ಬೇಕೆಂದೇ ಕೆಡಿಸುವ ಪದ್ಧತಿಯೂ ಬೆಳೆಯಿತು. ಸವೆತ ಮಾಡುತ್ತಿದ್ದ ಕೆಲಸವನ್ನು ನಿರ್ಧಾರ ಮಾಡತೊಡಗಿತು.

ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರ ತನ್ನ ಪುಸ್ತಕದಲ್ಲಿ ವಿಲಿಯಂ ಮಾರಿಸ್‌ನ ಕೆಲ್ಮ್‌ಸ್ಕಾಟ್ ಮುದ್ರಣಾಲಯದ ಸೀಮಿತ ಪ್ರತಿಗಳ ಬಗ್ಗೆ ಬರೆಯುತ್ತಾ, ಸಂಖ್ಯೆಯ ಮಿತಿಯೆಂದರೆ ಪುಸ್ತಕ ದುಬಾರಿ ಎಂಬುದಕ್ಕೆ ಕೊಟ್ಟ ಖಾತರಿಪತ್ರ ಎಂದು ವಾದಿಸಿದ. ದುಬಾರಿಯಾದದ್ದು ಒಡೆಯನ ಅಂತಸ್ತನ್ನು ಲೋಕಕ್ಕೆ ಸಾರುತ್ತದೆ ಎಂಬುದು ಅವನ ಸಿದ್ಧಾಂತ. ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ಅಂಗೈಯಲ್ಲಿ ಮುಚ್ಚಿಹೋಗುವ ಮಡಚುಚಾಕುವಿನ ವಿಷಯದಲ್ಲಿ ಅದು ಸೋಲುತ್ತದೆ. ಕಾರು, ಕೈಗಡಿಯಾರಗಳಂತೆ ಅದನ್ನು ಊರಿಗೆ ತೋರಿಸಲಾಗದು. ಬಹುಪಾಲು ಸಂಗ್ರಾಹಕರ ಚಾಕುಗಳು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಕೊಂಡು ಮೇಜಿನ ಖಾನೆಯೊಳಗೆ ಮಲಗಿರುತ್ತವೆ. ರಾತ್ರಿ ಒಬ್ಬನೇ ಕುಳಿತು ತೆರೆದು ಮಡಚಿ, ಮತ್ತೆ ತೆರೆದು, ಒಳಗಿಡುವವನು ಯಾರಿಗೆ ಅಂತಸ್ತು ಸಾರುತ್ತಿದ್ದಾನೆ?

ನನಗೆ ತೋರುವುದು ಇಷ್ಟು. ನಮ್ಮ ಸುತ್ತಲಿನ ವಸ್ತುಗಳೆಲ್ಲ ಅದಲುಬದಲು ಮಾಡಬಹುದಾದವು. ಮೊಬೈಲು ಕೆಟ್ಟರೆ ಅದೇ ಮಾದರಿಯ ಇನ್ನೊಂದು ಬರುತ್ತದೆ, ಮೊದಲಿನದನ್ನು ಯಾರೂ ನೆನೆಯುವುದಿಲ್ಲ. ಇಂಥ ಲೋಕದಲ್ಲಿ ‘ಇದೇ ಬೇಕು, ಇದರಂಥದ್ದು ಸಾಲದು’ ಎನ್ನಿಸುವ ಒಂದಾದರೂ ವಸ್ತು ಕೈಯಲ್ಲಿರಲಿ ಎಂಬ ಹಂಬಲ ನ್ಯಾಯವಾದದ್ದು. ಆ ಹಂಬಲವನ್ನು ನಾನು ಪೂರ್ತಿ ಗೌರವಿಸುತ್ತೇನೆ. ಸೀಮಿತ ಆವೃತ್ತಿ ಅದನ್ನು ಹಣ ಕೊಟ್ಟ ಗಳಿಗೆಯಲ್ಲೇ ಈಡೇರಿಸುವ ಭರವಸೆ ಕೊಡುತ್ತದೆ. ಇನ್ನೂರರಲ್ಲಿ ನೂರ ಹದಿನೇಳನೆಯದು ನಿನ್ನದು, ಬೇರಾರದೂ ಅಲ್ಲ. ಆದರೆ ನೂರ ಹದಿನೇಳಕ್ಕೂ ನೂರ ಹದಿನೆಂಟಕ್ಕೂ ಅಂಕೆಯ ಹೊರತು ಏನು ವ್ಯತ್ಯಾಸ? ಅವೆರಡನ್ನು ಅದಲುಬದಲು ಮಾಡಿದರೆ ಲೋಕದಲ್ಲಿ ಏನೂ ಕದಲುವುದಿಲ್ಲ.

ಚಾಕುವಿಗೆ ನಿಜವಾದ ಅನನ್ಯತೆ ಬರುವ ದಾರಿ ಬೇರೆಯೇ ಇದೆ. ಹಳೆಯ ಕ್ರಮದ ಚಾಕುಗಳಿಗೆ ಬಳಸುವುದು ತುಕ್ಕುನಿರೋಧಕವಲ್ಲದ ಕಾರ್ಬನ್ ಉಕ್ಕು. ಹೊಸ ಅಲಗು ಕನ್ನಡಿಯಂತೆ ಹೊಳೆಯುತ್ತದೆ. ಅದರಲ್ಲಿ ಒಂದು ಮಾವಿನಕಾಯಿ ಹೆಚ್ಚಿ, ಒರೆಸದೆ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಹುಳಿ ತಾಗಿದಲ್ಲಿ ಮೊದಲು ಹೊಗೆಬಣ್ಣ, ಆಮೇಲೆ ನೀಲಿ, ಅಂಚಿನಲ್ಲಿ ಕೆಲವೊಮ್ಮೆ ನೇರಳೆ. ಈರುಳ್ಳಿ, ನಿಂಬೆ, ಸೇಬು ಒಂದೊಂದೂ ತನ್ನ ಗುರುತು ಬಿಡುತ್ತಾ ಹೋಗಿ, ತಿಂಗಳುಗಳಲ್ಲಿ ಅಲಗಿನ ಮೇಲೆ ಬೂದುನೀಲಿ ಪದರ ಕೂರುತ್ತದೆ. ಕೆಂಪು ತುಕ್ಕು ತಿನ್ನದಂತೆ ಉಕ್ಕನ್ನು ಒಂದಿಷ್ಟು ಕಾಯುವುದೂ ಅದೇ. ಪಟಿನಾ ಎಂದು ಅದನ್ನು ಕರೆಯುತ್ತಾರೆ. ಎರಡು ಚಾಕುಗಳ ಪಟಿನಾ ಒಂದೇ ಆಗಿರಲಾರದು, ಏಕೆಂದರೆ ಎರಡು ಅಡುಗೆಮನೆಗಳು ಒಂದೇ ಅಲ್ಲ. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಮೊದಲು ಮಾಡಿದ ಮರದ ಹಿಡಿಯ ಚಾಕು ಇಂದೂ ಅಗ್ಗ, ಮಾಡುವುದಕ್ಕೆ ಲೆಕ್ಕವಿಲ್ಲ. ಆದರೂ ಹತ್ತು ವರ್ಷ ಬಳಸಿದ ಒಪಿನೆಲ್ ಅನ್ನು ಅದರ ಒಡೆಯ ಕಣ್ಣುಮುಚ್ಚಿ ಹಿಡಿದೂ ಗುರುತಿಸಬಲ್ಲ.

ಮಾರುಕಟ್ಟೆ ಇಲ್ಲಿ ತಲೆಕೆಳಗಾಗಿ ನಡೆಯುತ್ತದೆ. ಸಂಗ್ರಾಹಕರ ಭಾಷೆಯಲ್ಲಿ ಮೇಲ್ಪಂಕ್ತಿ ‘ಮಿಂಟ್’. ಎಂದೂ ಸಾಣೆ ಕಾಣದ, ಎಂದೂ ಏನನ್ನೂ ಕೊಯ್ಯದ ಸ್ಥಿತಿ. ಒಮ್ಮೆ ಮಸೆದರೆ ಬೆಲೆ ಬಿತ್ತು. ಚಾಕುವನ್ನು ಒಬ್ಬನದ್ದಾಗಿ ಮಾಡುವ ಪ್ರತಿಯೊಂದು ಗುರುತೂ ಅಲ್ಲಿ ನಷ್ಟದ ಖಾತೆಗೆ. ಚೀನಾದ ಝುವಾಂಗ್‌ಜಿ ಗ್ರಂಥದ ಕಟುಕನ ಕತೆ ಇದಕ್ಕೆ ಎದುರಾಗಿ ನಿಲ್ಲುತ್ತದೆ. ಅವನ ಕತ್ತಿಗೆ ಹತ್ತೊಂಬತ್ತು ವರ್ಷ, ಅದು ಸೀಳಿದ ಎತ್ತುಗಳು ಸಾವಿರಾರು, ಬಾಯಿ ಮಾತ್ರ ಈಗಷ್ಟೇ ಸಾಣೆಯಿಂದ ಬಂದಂತೆ. ಅವನು ಮೂಳೆಗೆ ತಾಗಿಸದೆ ಸಂದಿನಲ್ಲಿ ಅಲಗು ಆಡಿಸುತ್ತಿದ್ದ. ಅಲ್ಲಿ ಅಲಗನ್ನು ಹೊಸದಾಗಿ ಉಳಿಸಿದ್ದು ಕೌಶಲ, ಪೆಟ್ಟಿಗೆಯಲ್ಲ. ಇನ್ನೊಂದು ಮಾತು. ಪೆಟ್ಟಿಗೆಯೂ ಕಾಪಾಡುತ್ತದೆಂಬ ಭರವಸೆಯಿಲ್ಲ. ಹಳೆಯ ಸೆಲ್ಯುಲಾಯ್ಡ್ ಹಿಡಿಗಳು ವಯಸ್ಸಾದಂತೆ ಕೊಳೆತು ಆಮ್ಲದ ಆವಿ ಬಿಡುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಅಕ್ಕಪಕ್ಕದ ಚಾಕುಗಳ ಅಲಗನ್ನೂ ತಿನ್ನುತ್ತವೆ.

ಇದಕ್ಕೆ ಸಂಗ್ರಾಹಕರು ಕೊಡುವ ಉತ್ತರ ಗಟ್ಟಿಯಾದದ್ದು. ನಾವು ಕೊಳ್ಳದಿದ್ದರೆ ಈ ಕಸುಬೇ ಇರುತ್ತಿರಲಿಲ್ಲ ಎನ್ನುತ್ತಾರೆ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ನೋಡಿ. ತಗಡು ಮಡಚಿ ಮಾಡಿದ ಹಿಡಿ, ಸರಳ ಅಲಗು, ಶಾಲಾ ಮಕ್ಕಳು ಪೆನ್ಸಿಲ್ ಚೂಪು ಮಾಡುತ್ತಿದ್ದ ಚಾಕು. 1960ರಲ್ಲಿ ಸಮಾಜವಾದಿ ನಾಯಕ ಅಸಾನುಮಾ ಅವರನ್ನು ಹದಿನೇಳರ ಹುಡುಗನೊಬ್ಬ ವೇದಿಕೆಯ ಮೇಲೆ ಇರಿದು ಕೊಂದ ಬಳಿಕ ಮಕ್ಕಳ ಕೈಯಿಂದ ಅಲಗು ಬಿಡಿಸುವ ಚಳವಳಿ ನಡೆಯಿತು. ಪೆನ್ಸಿಲ್ ಹೆರೆಯುವ ಯಂತ್ರಗಳೂ ಬಂದವು. ಒಂದು ಕಾಲಕ್ಕೆ ಹಲವು ಮನೆಗಳ ಕಸುಬಾಗಿದ್ದದ್ದು ಈಗ ನಾಗಾವೊ ಎಂಬ ಒಂದೇ ಮನೆತನದಲ್ಲಿ ಉಳಿದಿದೆ. ದೂರದೇಶಗಳ ಚಾಕುಪ್ರಿಯರು ಅದನ್ನು ಹುಡುಕಿ ಕೊಳ್ಳುತ್ತಾರೆ. ಪೆನ್ಸಿಲ್ವೇನಿಯಾದ ಟೈಟಸ್‌ವಿಲ್‌ನಲ್ಲಿ 2006ರಲ್ಲಿ ಶುರುವಾದ ಗ್ರೇಟ್ ಈಸ್ಟರ್ನ್ ಕಟ್ಲರಿಯೂ ಇದೇ ಆಸ್ಥೆಯ ಮೇಲೆ ನಿಂತಿದೆ. ಅಲ್ಲಿ ಒಂದು ಮಾದರಿಯನ್ನು ಒಂದಿಷ್ಟು ಸಂಖ್ಯೆಯಲ್ಲಿ ಮಾಡಿ, ಅಚ್ಚುಗಳನ್ನು ಎತ್ತಿಟ್ಟು, ಇನ್ನೊಂದು ಮಾದರಿಗೆ ಹೋಗುತ್ತಾರೆ. ಕೆಲವು ಚಾಕುಗಳು ಅಂಗಡಿಗೆ ಬಂದ ಕೆಲವೇ ನಿಮಿಷಗಳಲ್ಲಿ ಖಾಲಿಯಾಗುತ್ತವೆ, ಆಮೇಲೆ ಹೆಚ್ಚಿನ ಬೆಲೆಗೆ ಕೈ ಬದಲಿಸುತ್ತವೆ. ಈ ಮಿತಿಯನ್ನು ನಾನು ಬರೀ ನಾಟಕ ಎನ್ನಲಾರೆ. ಕೈಕೆಲಸ ಹೆಚ್ಚಿರುವ ಸಣ್ಣ ಕಾರ್ಖಾನೆ ಒಂದು ಹೊತ್ತಿಗೆ ಒಂದನ್ನೇ ಮಾಡಬಲ್ಲುದು. ದೊಡ್ಡ ಕಾರ್ಖಾನೆಯೊಂದು ಸಾವಿರಗಟ್ಟಲೆ ಮಾಡುವ ಚಾಕುವಿನ ಹಿಡಿಗೆ ಹೊಸ ಬಣ್ಣ ಬಳಿದು, ಇನ್ನೂರಕ್ಕೆ ನಿಲ್ಲಿಸಿ ಅಂಕೆ ಕೆತ್ತುವುದು ಮಾತ್ರ ಬೇರೆ ಮಾತು. ಅಲ್ಲಿ ನಿಂತದ್ದು ಕೈಯಲ್ಲ, ಲೆಕ್ಕ.

ಮೂರನೇ ಜಾತಿಯ ಕೊರತೆ ಒಂದಿದೆ, ಅದರ ಬೇರು ನಮ್ಮ ಕಾಡುಗಳಲ್ಲೂ ಇದೆ. ಮಡಚುಚಾಕುವಿನ ಹಿಡಿಗಳಲ್ಲೆಲ್ಲ ಶ್ರೇಷ್ಠವೆಂದು ಶೆಫೀಲ್ಡಿನಲ್ಲೂ ಅಮೆರಿಕದಲ್ಲೂ ಹೆಸರಾದದ್ದು ಕಡವೆಯ ಕೊಂಬು. ಬಂಡೀಪುರ, ನಾಗರಹೊಳೆಗಳಲ್ಲಿ ಕಾಣುವ ಅದೇ ಕಡವೆ. ಅದರ ಕೊಂಬಿನ ಒಳಗೆ ಮೆದುಭಾಗ ಕಡಿಮೆ, ಹೊರಗೆ ಒರಟು ಗೆರೆಗಳು, ಒದ್ದೆ ಕೈಯಲ್ಲೂ ಜಾರದು. ಕಡವೆ ತನ್ನ ಕೊಂಬನ್ನು ತಾನೇ ಉದುರಿಸಿ ಹೊಸದನ್ನು ಬೆಳೆಸುತ್ತದೆ. ಆದರೆ ಉದುರಿದ ಕೊಂಬು ಯಾವುದು, ಕೊಂದು ತೆಗೆದದ್ದು ಯಾವುದು ಎಂದು ಮೂಟೆಯಲ್ಲಿ ವಿಂಗಡಿಸುವುದು ಕಷ್ಟ. 1998ರಲ್ಲಿ ಭಾರತ ಕೊಂಬಿನ ರಫ್ತನ್ನು ನಿಷೇಧಿಸಿತು. ಹಳೆಯ ದಾಸ್ತಾನು ಕರಗುತ್ತಾ ಬಂತು, ಕಡವೆ ಕೊಂಬಿನ ಚಾಕುಗಳ ಬೆಲೆ ಏರಿತು. ಈ ಮಿತಿಯನ್ನು ಹಾಕಿದ್ದು ತಯಾರಕನ ಲಾಭದ ಲೆಕ್ಕವಲ್ಲ, ಒಂದು ಜೀವಿಯ ಬದುಕು. ಅಪರೂಪದ ವಸ್ತುವನ್ನು ಬಯಸುವವನು ಒಪ್ಪಿ ತಲೆಬಾಗಬೇಕಾದ ಮಿತಿ ಇದು.

ಇಂಥ ಮಿತಿಗೆ ಇನ್ನೊಂದು ಗುಣವಿದೆ. ಅದು ಹೊಸದನ್ನು ಹುಟ್ಟಿಸುತ್ತದೆ. ಕೊಂಬು ಎಲ್ಲರಿಗೂ ಎಟುಕದ ಕಾಲದಲ್ಲೇ ಕುಶಲಕರ್ಮಿಗಳು ದನದ ಮೂಳೆಯನ್ನು ತಂದು, ಯಂತ್ರದಲ್ಲಿ ಸಣ್ಣ ಸಣ್ಣ ಕಚ್ಚು ಹಾಕಿ, ಬಣ್ಣದಲ್ಲಿ ಕುದಿಸಿ, ಕೊಂಬಿನ ಒರಟು ಮೈಯನ್ನು ಅನುಕರಿಸಿದರು. ಕೊಂಬಿನ ಹೊರಪದರ ತೆಗೆದ ಮೇಲೆ ಉಳಿದ ಒಳಭಾಗವನ್ನೂ ಬಿಸಾಡದೆ ಅದಕ್ಕೂ ಕಚ್ಚು ಹಾಕಿ ‘ಸೆಕೆಂಡ್ ಕಟ್’ ಎಂದು ಬಳಸಿದರು. ಹೀಗೆ ಬದಲಿಯಾಗಿ ಬಂದ ಕಚ್ಚುಮೂಳೆಯೇ ಇಂದು ಸಾಂಪ್ರದಾಯಿಕ ಚಾಕುವಿನ ಗುರುತಾಗಿ ನಿಂತಿದೆ. ಒಬ್ಬೊಬ್ಬ ತಯಾರಕನ ಕಚ್ಚಿಗೂ ಒಂದೊಂದು ಲಯವಿದೆ, ಬಲ್ಲವರು ಹಿಡಿ ನೋಡಿಯೇ ಊರು ಹೇಳುತ್ತಾರೆ. ಇನ್ನೂರಕ್ಕೆ ನಿಲ್ಲಿಸಿ ಎಂಬ ಆಜ್ಞೆಯಿಂದ ಇಂಥದ್ದೊಂದು ಹುಟ್ಟಿದ್ದನ್ನು ನಾನು ಕಂಡಿಲ್ಲ. ಅದರಿಂದ ಹುಟ್ಟುವುದು ಇನ್ನೂರ ಒಂದನೆಯವನ ನಿರಾಸೆ, ಮತ್ತು ಅವನಿಗೆ ಮಾರಲೆಂದೇ ಎರಡು ಕೊಂಡಿಟ್ಟವನ ಲಾಭ.