ಬಿದ್ದರೆ ಹಿಡಿಯುವವರು

ಡೊಂಬಿವಲಿಯಿರಲಿ, ಠಾಣೆಯಿರಲಿ, ನಮ್ಮ ಕನ್ನಡ ಸಂಘಗಳ ವಾರ್ಷಿಕೋತ್ಸವದ ವೇದಿಕೆಯಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: 'ಸಾಹಸ ನಮ್ಮವರ ರಕ್ತದಲ್ಲೇ ಉಂಟು.' ಮಂಗಳೂರಿನಿಂದ ಹಡಗು ಹತ್ತಿ ಬರಿಗೈಯಲ್ಲಿ ಮುಂಬಯಿಗೆ ಬಂದ ಹುಡುಗ ಕಪ್ಪು ಬಸಿ ತೊಳೆದು, ಟೇಬಲು ಒರೆಸಿ, ಕೊನೆಗೆ ಸ್ವಂತ ಹೋಟೆಲಿನ ಗಲ್ಲೆಯಲ್ಲಿ ಕುಳಿತ ಕಥೆ ಅದರ ಬೆನ್ನಿಗೇ ಬರುತ್ತದೆ. ಆ ಹುಡುಗನ ದುಡಿಮೆಗೆ ನಾನೂ ತಲೆಬಾಗುತ್ತೇನೆ. ರಕ್ತದ ಮಾತನ್ನು ಮಾತ್ರ ಒಪ್ಪಲಾರೆ. ಅದು ಕೆಲವರ ಋಣವನ್ನು ಮರೆಸುತ್ತದೆ, ಇನ್ನು ಕೆಲವರಿಗೆ ಅನ್ಯಾಯ ಮಾಡುತ್ತದೆ.

ಹುಟ್ಟಿನಿಂದ ಏನೂ ಬರುವುದಿಲ್ಲ ಎಂದಲ್ಲ. ಅವಳಿಗಳನ್ನು ಹೋಲಿಸಿ ನೋಡಿದ ಅಧ್ಯಯನಗಳ ಪ್ರಕಾರ, ಅಪಾಯಕ್ಕೆ ಎದೆಯೊಡ್ಡುವ ಸ್ವಭಾವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇ. 30ರಷ್ಟು ವಂಶವಾಹಿಗಳ ಪಾಲು. ಆದರೆ ಆ ವಂಶವಾಹಿಗಳು ಯಾವುವು ಎಂದು ಹುಡುಕಲು ಹೊರಟರೆ ಎಲ್ಲವೂ ಚೂರುಚೂರಾಗಿ ಸಿಗುತ್ತದೆ. 2019ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ 10 ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ಜಾಲಾಡಿ, ಈ ಸ್ವಭಾವದ ಜೊತೆ ನಂಟಿರುವ 99 ತಾಣಗಳನ್ನು ಗುರುತಿಸಿತು. ಒಂದೊಂದರದೂ ಕೂದಲೆಳೆಯಷ್ಟು ಪ್ರಭಾವ. ಡಿಎನ್‌ಎಯಲ್ಲಿ ಹರಡಿದ ಇಂಥ ಸಣ್ಣ ಪ್ರಭಾವಗಳನ್ನೆಲ್ಲ ಕೂಡಿಸಿ ಒಂದು ಅಂಕ ಕಟ್ಟಿದರೂ ಅದು ವಿವರಿಸಿದ್ದು ಹೆಚ್ಚೆಂದರೆ ಶೇ. 1.6ರಷ್ಟು ವ್ಯತ್ಯಾಸವನ್ನು. 'ಸಾಹಸದ ಜೀನ್' ಎಂದು ಬಹುಕಾಲ ಮೆರೆದ ಡೋಪಮೈನ್ ಸಂಬಂಧದ ಜೀನ್‌ಗಳಿಗೂ ಅಲ್ಲಿ ಬೆಂಬಲ ಸಿಗಲಿಲ್ಲ. ಪರೀಕ್ಷೆಗೆ ಒಳಗಾದವರೆಲ್ಲ ಯುರೋಪಿಯನ್ ಮೂಲದವರು. ಅದೂ ಅಲ್ಲದೆ, ಇದು ಒಂದು ಗುಂಪಿನೊಳಗೆ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದ ಲೆಕ್ಕ. ಒಂದು ಜಿಲ್ಲೆಯವರು ಮತ್ತೊಂದು ಜಿಲ್ಲೆಯವರಿಗಿಂತ ಗಟ್ಟಿಗರು ಎಂದು ಇದನ್ನು ಹಿಡಿದು ಹೇಳಲು ಬರುವುದಿಲ್ಲ.

ಹಾಗಿದ್ದರೆ ಹೋಟೆಲಿನ ಹುಡುಗನಿಗೆ ಧೈರ್ಯ ಕೊಟ್ಟದ್ದು ಏನು? ಕ್ರಿಸ್ಟೋಫರ್ ಶೀ ಮತ್ತು ಎಲ್ಕೆ ವೆಬರ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ದಾರಿ ತೋರಿಸುತ್ತದೆ. ಹಣ ಹೂಡುವ ಪ್ರಶ್ನೆ ಬಂದಾಗ ಅಮೆರಿಕದ ವಿದ್ಯಾರ್ಥಿಗಳಿಗಿಂತ ಚೀನಾದ ವಿದ್ಯಾರ್ಥಿಗಳೇ ಹೆಚ್ಚು ಅಪಾಯಕ್ಕೆ ಸಿದ್ಧರಿದ್ದರು. ಓದು, ಚಿಕಿತ್ಸೆಯಂಥ ವಿಷಯಗಳಲ್ಲಿ ಆ ಅಂತರ ಕಾಣಲಿಲ್ಲ. ಹಣ ಮುಳುಗಿದರೆ ಬಂಧುಗಳು ಕೈಹಿಡಿಯುತ್ತಾರೆ, ಪರೀಕ್ಷೆಯಲ್ಲಿ ಫೇಲಾದರೆ ಯಾರೂ ಅಂಕ ಸಾಲ ಕೊಡುವುದಿಲ್ಲ. ಕಷ್ಟಕ್ಕೆ ಆಗುವ ಜನ ಹೆಚ್ಚಿದ್ದಷ್ಟೂ ಹಣದ ಅಪಾಯಕ್ಕೆ ಮನಸ್ಸು ಒಗ್ಗುತ್ತದೆ ಎಂಬುದು ಅವರ ವಿವರಣೆ.

ಇದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಹೋಟೆಲುಗಳೇ. ಕರಾವಳಿಯ ಬಂಟರು, ಬಿಲ್ಲವರು, ಮೊಗವೀರರಲ್ಲಿ ಅಳಿಯಕಟ್ಟು ಇತ್ತು. ತಂಗಿಯ ಮಗನ ಹೊಣೆ ಸೋದರಮಾವನದು. ಊರಿನಿಂದ ಬಂದ ಹುಡುಗ ಇಳಿಯುತ್ತಿದ್ದದ್ದು ಮಾವನ ಹೋಟೆಲಿಗೆ, ಇಲ್ಲವೆ ಮಾವನ ಪರಿಚಯದ ಧನಿಯ ಹೋಟೆಲಿಗೆ. ಊಟ ಅಲ್ಲೇ. ರಾತ್ರಿ ಶಟರ್ ಎಳೆದ ಮೇಲೆ ಟೇಬಲುಗಳನ್ನು ಜೋಡಿಸಿದರೆ ಹಾಸಿಗೆಯೂ ಅಲ್ಲೇ. ಸಂಬಳ ಧನಿಯ ಪುಸ್ತಕದಲ್ಲಿ ಜಮೆ. ನಾಲ್ಕಕ್ಷರ ಕಲಿಯುವ ಆಸೆಯಿದ್ದವನಿಗೆ ಕನ್ನಡದ ರಾತ್ರಿಶಾಲೆ. ವರ್ಷಗಳ ಮೇಲೆ ಅವನು ಮಾಡುತ್ತಿದ್ದ ಮೊದಲ 'ಸಾಹಸ'ವನ್ನು ಹತ್ತಿರದಿಂದ ನೋಡಿ. ಒಮ್ಮೆಗೇ ಜಾಗ ಕೊಳ್ಳುತ್ತಿರಲಿಲ್ಲ. ನಡೆಯುತ್ತಿರುವ ಹೋಟೆಲನ್ನು ಕಂಡಕ್ಟಿಂಗ್‌ಗೆ ಹಿಡಿಯುತ್ತಿದ್ದ: ಇಷ್ಟು ಡಿಪಾಜಿಟ್, ತಿಂಗಳಿಗೆ ಇಷ್ಟು, ಲಾಭ ನಷ್ಟ ತನ್ನದು. ಡಿಪಾಜಿಟ್ ಹೊಂದಿಸುವುದು ಚೀಟಿಯಿಂದ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಹೊತ್ತಿನಲ್ಲಿ ಇಪ್ಪತ್ತು ಜನ ಸೇರಿ, ತಿಂಗಳ ಕಂತು ಹಾಕಿ, ಅಗತ್ಯವಿದ್ದವನು ಹೆಚ್ಚು ಬಿಟ್ಟುಕೊಟ್ಟು ಎತ್ತಿಕೊಳ್ಳುವ ಚೀಟಿ. ಅವನಿಗೆ ಜಾಮೀನು ಕಾಗದವಲ್ಲ, ಸುತ್ತ ಕುಳಿತವರು. ಧಂದೆ ಕೈಕೊಟ್ಟರೆ ಮತ್ತೆ ಯಾರದೋ ಗಲ್ಲೆಯಲ್ಲಿ ಮ್ಯಾನೇಜರ್ ಆಗಬಹುದಿತ್ತು. ಅದೂ ಆಗದಿದ್ದರೆ ಊರಿನಲ್ಲಿ ತಾಯಿಯ ಮನೆಯ ಬಾಗಿಲು ತೆರೆದಿತ್ತು. ಆ ಮನೆಯನ್ನು ಉಳಿಸಿಕೊಂಡು ಬಂದ ಹೆಂಗಸರ ಹೆಸರು ಯಶಸ್ಸಿನ ಕಥೆಗಳಲ್ಲಿ ಬರುವುದೇ ಕಡಿಮೆ. ಇದು ನನಗೆ ಬೇಸರದ ಸಂಗತಿ.

ಚೀಟಿಯಿಂದ ಬ್ಯಾಂಕಿಗೆ ಹೋದದ್ದೂ ಇದೇ ಹಾದಿಯಲ್ಲಿ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಮೊಗವೀರ ಬ್ಯಾಂಕು 1946ರಲ್ಲಿ. ಬಿಲ್ಲವರ ಎಸೋಸಿಯೇಶನ್ ಕಟ್ಟಿದ ಭಾರತ್ ಬ್ಯಾಂಕು 1978ರಲ್ಲಿ ಶುರುವಾಯಿತು. ಮುಂದೆ ಕೊಂಕಣ ರೈಲು ಬಂದು, ಸೋತರೆ ಮರಳಬಹುದಾದ ಊರೂ ಒಂದು ರಾತ್ರಿಯ ದಾರಿಯಾಯಿತು.

ಸ್ವಭಾವವೇ ಎಲ್ಲವೂ ಆಗಿದ್ದರೆ ಒಬ್ಬ ಮನುಷ್ಯ ಎಲ್ಲ ಕಡೆಯೂ ಒಂದೇ ತರಹ ಇರಬೇಕಿತ್ತು. ಡೊಂಬಿವಲಿ ಸ್ಟೇಷನ್ನಿನಲ್ಲಿ ಬೆಳಗಿನ ಹೊತ್ತು ಹೋಗಿ ನಿಲ್ಲಿ. ಒಂದು ಫಿಕ್ಸೆಡ್ ಡಿಪಾಜಿಟ್ಟಿಗೂ ಮೂರು ಕಡೆ ವಿಚಾರಿಸುವ ಗೃಹಸ್ಥ ಫಾಸ್ಟ್ ಲೋಕಲ್ಲಿನ ಬಾಗಿಲಲ್ಲಿ ಒಂದೇ ಕಾಲು ಊರಿ ನೇತಾಡುತ್ತಾನೆ. ಅವನ ಜೀನ್‌ಗಳು ಪ್ಲಾಟ್‌ಫಾರ್ಮಿನಲ್ಲಿ ಬದಲಾಗಲಿಲ್ಲ. ಲೇಟ್ ಮಾರ್ಕಿನ ಭಯವಿದೆ, ಮುಂದಿನ ಗಾಡಿಯೂ ಹೀಗೆಯೇ ತುಂಬಿರುತ್ತದೆ, ಪಕ್ಕದಲ್ಲಿ ದಿನವೂ ನೇತಾಡುವ ಗೆಳೆಯರಿದ್ದಾರೆ. ಎಲ್ಲರೂ ಎದುರಿಸುವ ಅಪಾಯ ಅಪಾಯವೆಂದೇ ತೋರುವುದಿಲ್ಲ. 2025ರ ಜೂನ್ 9ರಂದು ಮುಂಬ್ರಾ ಬಳಿ ಹೀಗೆ ಬಾಗಿಲಲ್ಲಿದ್ದವರು ಹಳಿಗೆ ಬಿದ್ದು, ಅಂದೇ ನಾಲ್ವರು ತೀರಿಕೊಂಡರು. ಅವರನ್ನು 'ಹುಚ್ಚು ಸಾಹಸಿಗಳು' ಎಂದವರ ಮಾತು ಕೇಳಿ ನನಗೆ ನೋವಾಯಿತು. ಅವರು ಕೆಲಸಕ್ಕೆ ಹೊರಟಿದ್ದವರು.

ನವಿ ಮುಂಬಯಿಯಲ್ಲಿ ಇನ್ನೊಂದು ಕನ್ನಡ ಕೇಳಿಸುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ, ತಾಂಡಾಗಳಿಂದ, ಬರಕ್ಕೆ ಸೋತು ಬಂದವರು ಬೆಳಿಗ್ಗೆ ಬುತ್ತಿ ಹಿಡಿದು ಕೂಲಿ ಕಾಯುತ್ತ ನಾಕಾಗಳಲ್ಲಿ ನಿಂತಿರುತ್ತಾರೆ. ಗಂಡ ಗೌಂಡಿ, ಹೆಂಡತಿ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊರುವವಳು. ಅವನು ಸಾರವೆ ಹತ್ತುತ್ತಾನೆ, ಸೊಂಟಕ್ಕೆ ಬೆಲ್ಟು ಇಲ್ಲ. ನಮ್ಮ ಯಾವ ಹೋಟೆಲು ಮಾಲಿಕರಿಗಿಂತಲೂ ದೊಡ್ಡ ಅಪಾಯವನ್ನು ಇವರು ದಿನವೂ ಹೊರುತ್ತಾರೆ. ಆದರೂ ಯಾವ ವೇದಿಕೆಯೂ ಇವರನ್ನು ಸಾಹಸಿಗಳೆಂದು ಕರೆಯುವುದಿಲ್ಲ. ಇವರಿಗೂ ಮಾವ, ಭಾವ, ಊರಿನವರು ಇದ್ದಾರೆ. ಆದರೆ ಅವರೂ ಅದೇ ನಾಕಾದಲ್ಲಿ ನಿಂತವರು. ಒಂದು ಮಳೆ ತಪ್ಪಿದರೆ ಎಲ್ಲರೂ ಒಟ್ಟಿಗೇ ಸೋಲುವ ಕಡೆ ಯಾರು ಯಾರ ಚೀಟಿ ತುಂಬಬೇಕು? ಇವರು ಮೇಲೇರದಿದ್ದರೆ ಅದು ರಕ್ತದ ಕೊರತೆಯಲ್ಲ.

ಇವರಿಗಾಗಿ ಸರಕಾರ ಮಾಡಿದ ಆಸರೆಯೊಂದಿದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಿಂದ ಹುಟ್ಟಿದ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದರೆ ಅಪಘಾತಕ್ಕೆ, ಹೆರಿಗೆಗೆ, ಮಕ್ಕಳ ಓದಿಗೆ ನೆರವು ಸಿಗುತ್ತದೆ. ಅದಕ್ಕೆ ಬೇಕಾದ ಹಣವನ್ನು ಕಟ್ಟಡ ಕಟ್ಟಿಸುವವರಿಂದಲೇ ಸುಂಕವಾಗಿ ವಸೂಲು ಮಾಡುತ್ತಾರೆ. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಇಂದು ಒಬ್ಬ ಮುಕಾದಮ, ನಾಳೆ ಇನ್ನೊಬ್ಬ ಎಂದು ದುಡಿಯುವ ನಾಕಾ ಕಾರ್ಮಿಕನಿಗೆ ಆ ಕಾಗದ ಬರೆದುಕೊಡುವವರೇ ಸಿಗುವುದಿಲ್ಲ. ಅರ್ಜಿಯ ಮರಾಠಿ ಓದಲೂ ಕಷ್ಟ. ಹೋಟೆಲಿನ ಹುಡುಗನಿಗೆ ರಾತ್ರಿಶಾಲೆ ನಡೆಸಿದ ಸಂಘಗಳಿಗೆ ಈ ಕೆಲಸ ಹೊಸದಲ್ಲ. ವಾಶಿಯಿಂದ ಕಲ್ಯಾಣದವರೆಗೆ ನಮಗೆ ಸಭಾಗೃಹಗಳಿವೆ. ಎರಡೂ ಭಾಷೆ ಬಲ್ಲ ನಿವೃತ್ತ ಗುಮಾಸ್ತರಿದ್ದಾರೆ, ಮುಕಾದಮರನ್ನೂ ಬಿಲ್ಡರುಗಳನ್ನೂ ಹೆಸರು ಹಿಡಿದು ಕರೆಯಬಲ್ಲ ಹಿರಿಯರಿದ್ದಾರೆ. ನಾಕಾದಲ್ಲಿ ನಿಂತವರನ್ನು ಭಾನುವಾರ ಅಲ್ಲಿಗೆ ಕರೆದು ಅರ್ಜಿ ತುಂಬಿಸಲು ಇಷ್ಟು ಸಾಕು.