ಎರಡನೆಯ ಟೇಕ್

ದೇವರ ಮುಂದೆ ಒಪ್ಪಿಸಿದ ಹಾಡನ್ನು, ನಡುವೆ ಶ್ರುತಿ ತಪ್ಪಿತೆಂದು, ಅಳಿಸಿ ಮತ್ತೆ ಹಾಡಬಹುದೇ? ಈ ಪ್ರಶ್ನೆ ನನಗೆ ಯಾವ ಗ್ರಂಥದಿಂದಲೂ ಬಂದದ್ದಲ್ಲ. ಜಿಗಣಿಯ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪನ್ನು ಹಾಡು ರೆಕಾರ್ಡ್ ಮಾಡಲು ಅಣಿ ಮಾಡಿಕೊಂಡ ಮೇಲೆ ದೊಡ್ಡಮ್ಮನಿಂದ ಬಂತು. ಬಂದಾಗಿನಿಂದ ಬಿಟ್ಟುಹೋಗಿಲ್ಲ.

ನಾನು ಇಲ್ಲಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. ಮಷಿನ್ನಿಂದ ಬಂದ ಶಾಫ್ಟನ್ನು ಮೈಕ್ರೋಮೀಟರಿನಲ್ಲಿ ಅಳೆಯುವುದು ನನ್ನ ಕೆಲಸ. ಡ್ರಾಯಿಂಗಿನಲ್ಲಿ ಪ್ಲಸ್ ಮೈನಸ್ 20 ಮೈಕ್ರಾನ್ ಎಂದಿದ್ದರೆ ಅದರೊಳಗಿದ್ದದ್ದು ಓಕೆ. ದಪ್ಪ ಉಳಿದದ್ದು ರೀವರ್ಕ್‌ಗೆ. ಸಣ್ಣಗಾದದ್ದು ಕೆಂಪು ಡಬ್ಬಕ್ಕೆ, ಸ್ಕ್ರ್ಯಾಪ್. ಶನಿವಾರ ಸಂಜೆ ಆಂಜನೇಯನ ಗುಡಿಯಲ್ಲಿ ನಮ್ಮ ಮಂಡಳಿಯ ಭಜನೆ. ದೊಡ್ಡಮ್ಮ ಅಲ್ಲಿ ಹೇಳುವ ದಾಸರ ಪದಗಳಲ್ಲಿ ಕೆಲವಕ್ಕೆ ಬೇರೆಲ್ಲೂ ಕೇಳದ ಧಾಟಿಗಳಿವೆ. ಅವಳ ತಾಯಿ ಕಲಿಸಿದ್ದು, ಪುಸ್ತಕದಲ್ಲಿ ಸ್ವರ ಹಾಕಿಲ್ಲ. ಅವು ಉಳಿಯಲಿ ಎಂದೇ ಈ ಕೆಲಸಕ್ಕೆ ಕೈಹಾಕಿದ್ದು.

ಜಿಗಣಿಯಲ್ಲಿ ಸದ್ದಿಲ್ಲದ ಗಳಿಗೆ ಹುಡುಕುವುದೇ ಮೊದಲ ಕಷ್ಟ. ಇದು ಗ್ರಾನೈಟ್ ಕಾರ್ಖಾನೆಗಳ ಊರು. ಕಲ್ಲು ಕೊಯ್ಯುವ ಗರಗಸ, ಪಾಲಿಶ್ ಯಂತ್ರ, ಬೊಮ್ಮಸಂದ್ರದ ಲಿಂಕ್ ರೋಡಿನಲ್ಲಿ ದಿಮ್ಮಿ ಹೊತ್ತು ಹೋಗುವ ಟ್ರೇಲರ್. ಅದಕ್ಕೇ ಕಂಡೆನ್ಸರ್ ಮೈಕ್ ಬಿಟ್ಟು ಡೈನಮಿಕ್ ಮೈಕ್ ತಂದೆ. ಕಂಡೆನ್ಸರ್ ಸೂಕ್ಷ್ಮವಾದದ್ದು, 48 ವೋಲ್ಟಿನ ಫ್ಯಾಂಟಮ್ ಪವರ್ ಕೊಟ್ಟರೆ ಉಸಿರಿನ ಎಳೆಯನ್ನೂ ಹಿಡಿಯುತ್ತದೆ, ಪಕ್ಕದ ಮನೆಯ ಕುಕ್ಕರನ್ನೂ ಹಿಡಿಯುತ್ತದೆ. ಸ್ಟುಡಿಯೋದ ಗೋಡೆಗಳಿದ್ದವರಿಗೆ ಅದು ಸರಿ. 1966ರಿಂದ ಲೋಕದ ವೇದಿಕೆಗಳಲ್ಲೆಲ್ಲ ನಿಂತಿರುವ ಶೂರ್ ಎಸ್‌ಎಂ58ರಂಥ ಡೈನಮಿಕ್ ಮೈಕ್ ಬಾಯಿಗೆ ನಾಲ್ಕು ಬೆರಳು ದೂರದಲ್ಲಿದ್ದರೆ ಎದುರಿನ ಕಂಠವನ್ನೇ ಮುಂದಿಟ್ಟು, ಬೆನ್ನ ಹಿಂದಿನ ಸದ್ದನ್ನು ಬಹುಪಾಲು ಬಿಟ್ಟುಬಿಡುತ್ತದೆ. ಫ್ಯಾನ್ ತಿರುಗುವ ಲ್ಯಾಪ್‌ಟಾಪನ್ನು ಆ ಬೆನ್ನಿನ ಕಡೆಗೇ ಇಡಬೇಕು.

ಮೈಕನ್ನು ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಸಿಕ್ಕಿಸಿದರೆ ಕೆಲಸ ಕೆಡುತ್ತದೆ. ನಡುವೆ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ ಬೇಕು. ಲ್ಯಾಪ್‌ಟಾಪ್ ತೀರ ಹೊಸದಾಗಿರಬೇಕಿಲ್ಲ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಒಂದು ಕಂಠಕ್ಕೆ ಧಾರಾಳ ಸಾಕು. ಆಡಾಸಿಟಿ ತಂತ್ರಾಂಶಕ್ಕೆ ದುಡ್ಡು ಕೊಡಬೇಕಾಗಿಲ್ಲ. ಸೆಕೆಂಡಿಗೆ 48,000 ಮಾದರಿ, 24 ಬಿಟ್ ಎಂದು ಇಟ್ಟುಕೊಂಡೆ. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತದೆ, ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಆ ವ್ಯಾಪ್ತಿಯಲ್ಲಿ ಏನೂ ತಪ್ಪಿಹೋಗುವುದಿಲ್ಲ. ಗಟ್ಟಿಯಾಗಿ ಹಾಡಿದಾಗಲೂ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲೇ ಇರಬೇಕು. ಸೊನ್ನೆಗೆ ಮುಟ್ಟಿದ ಧ್ವನಿ ಒಡೆದರೆ ಮತ್ತೆ ಕೂಡುವುದಿಲ್ಲ. ವೈಫೈ, ನೋಟಿಫಿಕೇಶನ್ ಆರಿಸಿದೆ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿದೆ, ಮೇನ್ಸಿನ 50 ಹರ್ಟ್ಸಿನ ಗುಂಯ್ ಸದ್ದು ಬಹುಮಟ್ಟಿಗೆ ಅಲ್ಲಿಂದ ಬರುತ್ತಿತ್ತು. ಗೋಡೆಗೆ ಕಂಬಳಿ ತೂಗುಹಾಕಿದೆ. ಸ್ಟೀಲ್ ಬೀರುವಿನ ಬಾಗಿಲು ಅದುರದಂತೆ ನಡುವೆ ಬಟ್ಟೆ ಸಿಕ್ಕಿಸಿದೆ. ಹಾಡುವವರ ಕಿವಿಗೆ ಹೆಡ್‌ಫೋನಿನಲ್ಲಿ ತಂಬೂರಿ ಕೊಟ್ಟರೆ ಕಂಠ ಬೇರೆಯಾಗಿ ಸಿಗುತ್ತದೆ ಎನ್ನುತ್ತಾರೆ. ದೊಡ್ಡಮ್ಮ ಕಿವಿ ಮುಚ್ಚಿಕೊಂಡು ಹಾಡಲು ಒಪ್ಪಲಿಲ್ಲ. ಶ್ರುತಿಪೆಟ್ಟಿಗೆ ಪಕ್ಕದಲ್ಲೇ ಇರಲಿ ಎಂದಳು, ಇದ್ದಿತು.

ಅವಳು ಮೈಕಿನ ಕಡೆ ಮುಖಮಾಡಿ ಕೂರಲಿಲ್ಲ, ದೇವರ ಪಟದ ಕಡೆ ಕೂತಳು. ಮೈಕನ್ನೇ ನಡುವೆ ಸರಿಸಿದೆ. ಪದ ಚೆನ್ನಾಗಿ ಸಾಗಿ, ಮೂರನೆಯ ನುಡಿಯಲ್ಲಿ ಉಸಿರು ಸಾಲದೆ ಸ್ವರ ಇಳಿಯಿತು, ಒಂದು ಕೆಮ್ಮೂ ಬಂತು. ಮುಗಿದ ಮೇಲೆ ಹೇಳಿದೆ:

“ದೊಡ್ಡಮ್ಮಾ, ಇನ್ನೊಂದು ಸಲ ಹೇಳು. ಮೂರನೇ ನುಡೀಲಿ ಶ್ರುತಿ ಇಳೀತು.”

“ಅದು ಆಯ್ತಲ್ಲ ಮಗಾ. ಒಪ್ಪಿಸಿಬಿಟ್ಟೆ. ಬೇಕಾದ್ರೆ ಬೇರೆ ಪದ ಹೇಳ್ತೀನಿ.”

“ಅದೇ ಪದ ಬೇಕಿತ್ತು.”

“ಅದನ್ನ ನಾಳೆ ಹೇಳ್ತೀನಿ. ಇವತ್ತಿಂದು ಇವತ್ತಿಗಾಯ್ತು. ಒಪ್ಪಿಸಿದ್ದನ್ನ ವಾಪಸ್ ಈಸ್ಕೊಳ್ಳೋದುಂಟಾ?”

ನಾನು ಯೋಚಿಸುತ್ತ ಹೋದದ್ದು ಈ ಮಾತಿನ ಹಿಂದೆ. ಲ್ಯಾಪ್‌ಟಾಪಿನಲ್ಲಿ ಉಳಿದಿರುವುದು ಏನು? ಅವಳು ಒಪ್ಪಿಸಿದ ಹಾಡೇ ಅದಾದರೆ ಅದನ್ನು ಮುಟ್ಟಲು ನನಗೆ ಹಕ್ಕಿಲ್ಲ. ಅಲ್ಲವಾದರೆ ತಿದ್ದುವುದಕ್ಕೆ ಅಡ್ಡಿಯೇನು?

ನಮ್ಮ ಹಿಂದಿನವರು ಶಬ್ದದ ಬಗ್ಗೆ ಈ ಜಗಳವನ್ನು ಶತಮಾನಗಳ ಕಾಲ ಆಡಿದ್ದಾರೆ. ಶಬ್ದ ನಿತ್ಯ ಎಂದರು ಮೀಮಾಂಸಕರು. ಉಚ್ಚಾರಣೆ ಅದನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ತೋರಿಸುತ್ತದೆ ಅಷ್ಟೆ. ನಿನ್ನೆ ಕೇಳಿದ ಅಕ್ಷರವನ್ನು ಇಂದು ಕೇಳಿ ‘ಇದು ಅದೇ’ ಎಂದು ಗುರುತು ಹಿಡಿಯುತ್ತೇವಲ್ಲ, ಅದೇ ಸಾಕ್ಷಿ ಎಂಬುದು ಅವರ ವಾದ. ನೈಯಾಯಿಕರು ಒಪ್ಪಲಿಲ್ಲ. ಶಬ್ದ ಹುಟ್ಟುತ್ತದೆ, ಮರುಗಳಿಗೆಗೆ ಸಾಯುತ್ತದೆ. ಸಾಯುವ ಮೊದಲು ಇನ್ನೊಂದನ್ನು ಹುಟ್ಟಿಸುತ್ತದೆ. ನೀರಿನ ಅಲೆಯಿಂದ ಅಲೆ ಎದ್ದಂತೆ, ಕದಂಬದ ಮೊಗ್ಗು ಸುತ್ತಲೂ ಒಮ್ಮೆಗೇ ಅರಳಿದಂತೆ ಎಂದು ಅವರು ಕೊಟ್ಟ ಎರಡು ದೃಷ್ಟಾಂತಗಳು ಇಂದಿನ ಭೌತಶಾಸ್ತ್ರದ ಪಾಠದಲ್ಲಿಟ್ಟರೂ ಒಪ್ಪುತ್ತವೆ. ಮೀಮಾಂಸಕರ ಕಾಳಜಿ ವೇದದ ಅಕ್ಷರವೇ ಹೊರತು ಹಾಡಲ್ಲ, ನಿಜ. ಆದರೂ ಎರಡು ಮತಗಳನ್ನೂ ನನ್ನ ಫೈಲಿನ ಮೇಲೆ ಇಟ್ಟು ನೋಡಿದೆ. ನೈಯಾಯಿಕರ ಪ್ರಕಾರ, ಎದುರಿಗೆ ಕೂತಿದ್ದಾಗಲೂ ನನ್ನ ಕಿವಿಗೆ ಬಂದದ್ದು ದೊಡ್ಡಮ್ಮನ ಗಂಟಲಲ್ಲಿ ಹುಟ್ಟಿದ ಶಬ್ದವಲ್ಲ, ಅದರ ಸಂತಾನದ ಕೊನೆಯದು. ಲ್ಯಾಪ್‌ಟಾಪ್ ಆ ಸಂತಾನವನ್ನು ಇನ್ನಷ್ಟು ದೂರ ಬೆಳೆಸಿದೆ. ಮೀಮಾಂಸಕರ ಪ್ರಕಾರ ಅವಳ ಗಂಟಲೂ ನನ್ನ ಸ್ಪೀಕರೂ ಇದ್ದದ್ದನ್ನು ತೋರಿಸುವ ಸಾಧನಗಳು. ಎರಡರಲ್ಲಿ ಯಾವುದನ್ನು ಹಿಡಿದರೂ ಅವಳ ಒಪ್ಪಿಸುವಿಕೆ, ಅಂದರೆ ಅವಳು ಮಾಡಿದ ಕ್ರಿಯೆ, ಫೈಲಿನೊಳಗೆ ಇಲ್ಲ. ಆ ಕೋಣೆಯಲ್ಲಿ ಆ ಹೊತ್ತಿಗೆ ಅದು ನಡೆದು ಮುಗಿಯಿತು.

ಹಾಗಾದರೆ ತಿದ್ದಬಹುದೇ? ಇಲ್ಲಿ ಎದುರು ಪಕ್ಷದ ಮಾತನ್ನು ಪೂರ್ತಿ ಕೇಳಬೇಕು, ಏಕೆಂದರೆ ಅದು ಬಲವಾದದ್ದು. ಹುಳು ತಿಂದ ಹೂವನ್ನು ಯಾರೂ ದೇವರಿಗೆ ಏರಿಸುವುದಿಲ್ಲ. ನೈವೇದ್ಯದ ಅಕ್ಕಿಯಲ್ಲಿ ಕಲ್ಲು ಆರಿಸುತ್ತೇವೆ. ಸಂಗೀತದ ಮಕ್ಕಳು ಇಂದಿಗೂ ಮಾಯಾಮಾಳವಗೌಳದಲ್ಲಿ ಸರಳೆ ಜಂಟಿ ಶುರುಮಾಡುವ ಕ್ರಮವನ್ನು ಪುರಂದರದಾಸರೇ ಹಾಕಿಕೊಟ್ಟರೆಂದು ಪರಂಪರೆ ಹೇಳುತ್ತದೆ. ಆ ಭಕ್ತರು ಶ್ರುತಿಯನ್ನು ಹಗುರವಾಗಿ ಕಂಡವರಲ್ಲ. ಪಶ್ಚಿಮದಲ್ಲೂ ಇದನ್ನು ಗಾಢವಾಗಿ ಯೋಚಿಸಿದವರಿದ್ದಾರೆ. ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ ಕಛೇರಿಗಳನ್ನೇ ಬಿಟ್ಟು ಸ್ಟುಡಿಯೋ ಸೇರಿದ. ಟೇಪ್ ಕತ್ತರಿಸಿ ಬೇರೆ ಬೇರೆ ಟೇಕುಗಳನ್ನು ಜೋಡಿಸುವುದರಿಂದ ಕೃತಿಗೆ ಹೆಚ್ಚು ನ್ಯಾಯ ಸಲ್ಲುತ್ತದೆಂದು ಅವನು ನಂಬಿದ್ದ. ಅವನ ಮಾತನ್ನು ನಾನು ಗೌರವಿಸುತ್ತೇನೆ. ಅವನಿಗೆ ಸಂಗೀತವೇ ಗುರಿ, ಒಪ್ಪಿಸಿಕೊಳ್ಳುವವರು ಯಾರೂ ಎದುರಿಗಿರಲಿಲ್ಲ.

ಟೇಪ್ ಬರುವ ಮೊದಲು ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಕಹಳೆಯಂಥ ಕೊಳವೆಯೊಳಗೆ ಹಾಡಿದಾಗ ಮೇಣದ ಮೇಲೆ ಗೀರು ಬಿದ್ದದ್ದೇ ಕೊನೆ. ಮೂರು ನಿಮಿಷದ ಹಾಡಿನ ತುದಿಗೆ ಆಕೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಬೇಡವೆಂದರೆ ಹೊಸ ಮೇಣದಲ್ಲಿ ಮೊದಲಿನಿಂದ ಹಾಡಬೇಕು, ನಡುವಿನ ಒಂದು ಸ್ವರವನ್ನಷ್ಟೇ ಎತ್ತಿ ಹಾಕುವ ದಾರಿಯಿಲ್ಲ. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. ಆಕೆಯ ಉಸಿರು ಸಿಕ್ಕಿದ್ದು, ತಡವರಿಸಿದ್ದು ಏನಿದ್ದರೂ ಆ ತಟ್ಟೆಗಳಲ್ಲಿ ಹಾಗೇ ಇದೆ.

ಈಗ ಎತ್ತಿ ಹಾಕಬಹುದು. 1997ರಲ್ಲಿ ಶ್ರುತಿ ತಿದ್ದುವ ಆಟೋಟ್ಯೂನ್ ತಂತ್ರಾಂಶ ತಂದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೆ ಮುಂಚೆ ಎಣ್ಣೆ ಹುಡುಕುವ ಕೆಲಸದಲ್ಲಿದ್ದವನು. ನೆಲದೊಳಗೆ ಕಳಿಸಿದ ಕಂಪನ ಮರಳಿ ಬಂದಾಗ ಅದರಿಂದ ಕಲ್ಲಿನ ಪದರಗಳನ್ನು ಓದುವ ಗಣಿತವನ್ನೇ ಮನುಷ್ಯನ ಕಂಠಕ್ಕೆ ತಿರುಗಿಸಿದ. ಕಲ್ಲಿನ ಊರಲ್ಲಿರುವ ನನಗೆ ಇದು ಬೆರಗಿನ ಸಂಗತಿ. ಆದರೆ ಸಾಮಾನ್ಯವಾಗಿ ಆ ತಂತ್ರಾಂಶ ಸ್ವರವನ್ನು ಎಳೆಯುವುದು ಕೀಬೋರ್ಡಿನ ಹನ್ನೆರಡು ಸಮಭಾಗಗಳ ಕಡೆಗೆ. ಸ್ವರಗಳ ದೂರವನ್ನು ಅಳೆಯುವ ಮಾನ ಸೆಂಟ್; ಆ ತಂತ್ರಾಂಶದ ಲೆಕ್ಕದಲ್ಲಿ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲಿರಬೇಕು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿ ತಾನಾಗಿ ನುಡಿಸುವ ಗಾಂಧಾರ ಇರುವುದು 386ರ ಬಳಿ. ಶ್ರುತಿಗೆ ಕಿವಿಗೊಟ್ಟು ಹಾಡಿದವರು ಈ ಪರೀಕ್ಷೆಯಲ್ಲಿ 14 ಸೆಂಟ್ ತಪ್ಪಿದವರಾಗುತ್ತಾರೆ. ಗಮಕದ ಸ್ಥಿತಿ ಇನ್ನೂ ಕಷ್ಟ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ, ಓಲಾಟವೇ ಅದರ ರೂಪ. ಅದಕ್ಕೆ ಪ್ಲಸ್ ಮೈನಸ್ ಹಾಕಿದ ಡ್ರಾಯಿಂಗ್ ಎಲ್ಲಿದೆ? ನನ್ನ ಕಾರ್ಖಾನೆಯ ಶಾಫ್ಟಿಗೆ ಇದೆ, ಏಕೆಂದರೆ ಅದು ಇನ್ನೊಬ್ಬರ ಬೇರಿಂಗಿನಲ್ಲಿ ಕೂರಬೇಕು. ದೊಡ್ಡಮ್ಮನ ಹಾಡು ಯಾವುದರಲ್ಲೂ ಕೂರಬೇಕಾಗಿಲ್ಲ.

ಮೂರನೆಯ ನುಡಿಯಲ್ಲಿ ಅವಳ ಸ್ವರ ಇಳಿದದ್ದಂತೂ ಗಮಕವಲ್ಲ, ಇಳಿದದ್ದೇ. ಅದನ್ನು ಮುಚ್ಚಿಡಲಾರೆ. ತಾಳದ ಲೆಕ್ಕ, ಗಣದ ಲೆಕ್ಕ ತನಗೆ ತಿಳಿಯದೆಂದು ಬಸವಣ್ಣ ಕೂಡಲಸಂಗಮನ ಎದುರು ನಿಸ್ಸಂಕೋಚವಾಗಿ ಹೇಳಿಕೊಂಡಿದ್ದಾನೆ. ಬರಿಯ ನಾದದಿಂದ ಶಿವ ಒಲಿಯುವಂತಿದ್ದರೆ ರಾವಣನ ಗತಿ ಬೇರೆಯಾಗಬೇಕಿತ್ತು ಎಂಬ ಅರ್ಥದ ಮಾತೂ ಅವನಲ್ಲಿದೆ. ಹೂವನ್ನು ಆರಿಸುವುದು, ಅಕ್ಕಿಯನ್ನು ಶುದ್ಧಮಾಡುವುದು ಎಲ್ಲ ಅರ್ಪಣೆಗೆ ಮೊದಲಿನ ಕೆಲಸ. ಮೀಮಾಂಸಕರ ಭಾಷೆಯಲ್ಲಿ ಅವು ಅಂಗ. ಪಾದದ ಮೇಲೆ ಬಿದ್ದ ಹೂವನ್ನು ಎತ್ತಿ ದಳ ಸರಿಮಾಡಿ ಮತ್ತೆ ಏರಿಸುವ ಪದ್ಧತಿ ಎಲ್ಲೂ ಇಲ್ಲ. ಪೂಜೆಯಲ್ಲಿ ಲೋಪವಾದರೆ? ಅದಕ್ಕೂ ಪೂಜೆಯೊಳಗೇ ಸ್ಥಳವಿದೆ. ಕೊನೆಯಲ್ಲಿ ಅರ್ಚಕರು ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ಆದ ಕೊರತೆಯನ್ನು ಹೇಳಿ ಕ್ಷಮೆ ಕೇಳುತ್ತಾರೆ. ತಪ್ಪು ಅಲ್ಲಿ ಅಳಿಯುವುದಿಲ್ಲ. ಒಪ್ಪಿಸಿದ್ದರ ಜೊತೆಗೆ ಅದೂ ಒಪ್ಪಿತವಾಗುತ್ತದೆ. ದೊಡ್ಡಮ್ಮ ಪದ ಮುಗಿಸಿ ಕೆನ್ನೆಗೆ ಕೈ ತಟ್ಟಿಕೊಂಡದ್ದು ಅದೇ. ಆ ಸಣ್ಣ ಸದ್ದು ಕೂಡ ರೆಕಾರ್ಡಿಂಗಿನಲ್ಲಿದೆ.

ಇಷ್ಟಾದ ಮೇಲೆ ಫೈಲಿನ ಸ್ಥಾನ ಯಾವುದು ಎಂಬುದು ನನಗೆ ಸ್ಪಷ್ಟವಾಗಿದೆ. ಭಾಗವತದಲ್ಲಿ ಪ್ರಹ್ಲಾದ ಹೇಳುವ ಒಂಬತ್ತು ಬಗೆಯ ಭಕ್ತಿಯಲ್ಲಿ ಶ್ರವಣ ಮೊದಲನೆಯದು, ಕೀರ್ತನ ಎರಡನೆಯದು. ದೊಡ್ಡಮ್ಮ ಮಾಡಿದ್ದು ಕೀರ್ತನ. ಲ್ಯಾಪ್‌ಟಾಪಿನಲ್ಲಿರುವುದು ಎಂದಿಗೂ ಕೀರ್ತನವಾಗದು, ಬೇರೊಬ್ಬರ ಶ್ರವಣಕ್ಕೆ ಒದಗುವ ವಸ್ತು ಅದು. ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತದ ತಟ್ಟೆ 1963ರಲ್ಲಿ ಬಂದದ್ದು ಇಂದಿಗೂ ಬೆಳಗಿನ ಹೊತ್ತು ಊರೂರಲ್ಲಿ ಕೇಳುತ್ತದೆ. ಅದನ್ನು ಕೇಳುತ್ತ ಅಂಗಳ ಸಾರಿಸುವವಳ ಭಕ್ತಿ ಪೂರ್ತಿ ಅವಳದೇ. ಹಾಗಾಗಿ ಕೇಳುವವರಿಗೆ ನಾನು ಸಲ್ಲಿಸಬೇಕಾದ ಕೆಲಸಗಳಿವೆ: ಉಳಿದ 50 ಹರ್ಟ್ಸಿನ ಗುಂಯ್‌ ತೆಗೆಯುವುದು, ಮಟ್ಟ ಏರಿಸುವುದು, ಮೊದಲಲ್ಲೂ ಕೊನೆಯಲ್ಲೂ ಇರುವ ಖಾಲಿಯನ್ನು ಕತ್ತರಿಸುವುದು. ಇವನ್ನು ಮಾಡಿದ್ದೇನೆ. ಅವಳ ಸ್ವರ ಮುಟ್ಟಿಲ್ಲ, ಕೆಮ್ಮು ತೆಗೆದಿಲ್ಲ. ಕೇಳುವವರಿಗೆ ಸಿಗಬೇಕಾದ್ದು ಆ ದಿನ ಅವಳು ಹಾಡಿದ್ದು. ಮರುದಿನ ಅದೇ ಪದವನ್ನು ಅವಳು ಮತ್ತೆ ಹೇಳಿದಳು, ಮೂರನೆಯ ನುಡಿ ಗಟ್ಟಿಯಾಗಿ ನಿಂತಿತು. ಎರಡನ್ನೂ ಬೇರೆ ಬೇರೆ ಹಾಡುಗಳೆಂದೇ ತಾರೀಖು ಹಾಕಿ ಇಟ್ಟಿದ್ದೇನೆ, ಕುಗ್ಗಿಸದ ವೇವ್ ಫೈಲಾಗಿ. ನಿಮಿಷಕ್ಕೆ ಎಂಟೂವರೆ ಎಂಬಿ ಚಿಲ್ಲರೆ, ಜಾಗಕ್ಕೇನೂ ಬರವಿಲ್ಲ. ಸಂಗೀತ ಕಲಿಯುವ ನನ್ನ ಮಗಳು ಅದೇ ಮೈಕಿನ ಮುಂದೆ ಒಂದು ಸಾಲನ್ನು ಎಷ್ಟೋ ಸಲ ಹಾಡಿ ಅಳಿಸುತ್ತಾಳೆ. ಅದು ಅಭ್ಯಾಸ, ಅಕ್ಕಿ ಆರಿಸುವ ಕೆಲಸ. ಅವಳನ್ನು ತಡೆಯಲು ನನಗೆ ಕಾರಣವಿಲ್ಲ.

ಕಳೆದ ಶನಿವಾರ ಮಂಡಳಿಯ ಹುಡುಗರು ಒಂದು ಸಲಹೆ ತಂದರು. ಒಳ್ಳೆಯ ಪದಗಳನ್ನು ಆರಿಸಿ, ಶ್ರುತಿ ತಿದ್ದಿ, ಧನುರ್ಮಾಸದಲ್ಲಿ ಬೆಳಗ್ಗೆ ಐದಕ್ಕೆ ಗುಡಿಯ ಸ್ಪೀಕರಿನಲ್ಲಿ ಹಾಕೋಣ, ಚಳಿಯಲ್ಲಿ ಯಾರೂ ಎದ್ದು ಬರಬೇಕಾಗಿಲ್ಲ ಎಂದರು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, ಕಾರ್ಖಾನೆಯ ನೈಟ್ ಶಿಫ್ಟ್ ಮುಗಿಸಿ ಬಂದವರು ಮಲಗುವ ಹೊತ್ತು ಅದು ಎಂದೆ. ನಿಯಮ ಇಲ್ಲದಿದ್ದರೂ ನಾನು ಬೇಡವೆನ್ನುತ್ತಿದ್ದೆ ಎಂದೂ ಹೇಳಿದೆ, ಏಕೆಂದರೆ ಐದು ಗಂಟೆಯ ಗುಡಿಯಲ್ಲಿ ಯಾರೂ ಇಲ್ಲದಿದ್ದರೆ ಹಾಡುವವರೂ ಇಲ್ಲ, ಕೇಳುವವರೂ ಇಲ್ಲ. ಚರ್ಚೆ ಜೋರಾಗಿಯೇ ಆಯಿತು. ಕೊನೆಗೆ ಐದಕ್ಕೆ ಬಂದು ಬಾಯಲ್ಲೇ ಹಾಡುವವರ ಸರದಿ ಪಟ್ಟಿ ಬರೆದೆವು. ನನ್ನ ಹೆಸರೂ ಇದೆ. ಆರರ ನಂತರ ರೆಕಾರ್ಡಿಂಗ್ ಹಾಕುವುದೇ, ಹಾಕಿದರೆ ತಿದ್ದದೆ ಹಾಕುವುದೇ ಎಂಬುದನ್ನು ಮುಂದಿನ ಶನಿವಾರಕ್ಕೆ ಇಟ್ಟುಕೊಂಡಿದ್ದೇವೆ.